ಲಖನ ಮಲಗಬಾರದು

ಲಖನ ಮಾತು ಕೊಟ್ಟಿದ್ದೇ ತಪ್ಪಾಯಿತು. ಕೊಟ್ಟಿದ್ದೂ ಎಲ್ಲಿ? ತುಮಕೂರಿನಲ್ಲಿ, ಅಕ್ಕನ ಹೊಸ ಮನೆಯ ಗೃಹಪ್ರವೇಶದ ಪಂಕ್ತಿಯಲ್ಲಿ, ಹತ್ತು ಜನರ ಎದುರಿಗೆ, ಎರಡನೇ ಹೋಳಿಗೆ ಬಾಯಲ್ಲಿರುವಾಗ.

"ಈ ರಾತ್ರಿ ಬಸ್ಸಿನಾಗ ನಾ ಕಣ್ಣ ಮುಚ್ಚೂದಿಲ್ಲ. ಕೂಸು ನನ್ನ ಜವಾಬ್ದಾರಿ. ಆಮ್ರಪಾಲಿ, ನೀ ಗೋಕಾಕ ಬರೂತನಕ ನಿಶ್ಚಿಂತಿ ಮಕ್ಕೊ."

ಹೀಗೆ ಹೇಳದೆ ಅವನಿಗೆ ಬೇರೆ ದಾರಿಯೂ ಇರಲಿಲ್ಲ. ಮರುದಿನ ಮುಂಜಾನೆ ಹತ್ತಕ್ಕೆ ಗೋಕಾಕದಲ್ಲಿ ಹೆಂಡತಿ ಆಮ್ರಪಾಲಿಗೆ ಶಿಕ್ಷಕರ ಪರೀಕ್ಷೆ. ಹೋದ ಸಲ ಬರೀ ಎರಡು ಅಂಕದಲ್ಲಿ ತಪ್ಪಿತ್ತು. ಈ ಸಲ ಎಂಟು ತಿಂಗಳ ಮಗ ಸುಮನ್‌ನನ್ನು ತೊಡೆಯ ಮೇಲೆ ಹಾಕಿಕೊಂಡೇ ಓದಿದ್ದಳು. "ಪರೀಕ್ಷಾ ಹಿಂದಿನ ದಿನ ಅಷ್ಟ ದೂರ ಬ್ಯಾಡ್ರಿ" ಎಂದು ಆಕೆ ಅಂದಿದ್ದಳು. "ಏನಾಗ್ತೈತಿ, ಬರೂಮುಂದ ರಾತ್ರಿ ಬಸ್ಸು, ಮಲಕೊಂಡ ಬಂದ್ರಾತು" ಎಂದು ಎಳೆದುಕೊಂಡು ಬಂದವನು ಇವನೇ. ಈಗ ಆಕೆಗೆ ನಿದ್ದೆ ಕೆಟ್ಟು ಪರೀಕ್ಷೆ ಕೆಟ್ಟರೆ ಜೀವನಪೂರ್ತಿ ಕೇಳಬೇಕಾದವನೂ ಇವನೇ.

ಕಣ್ಣು ಮುಚ್ಚುವುದಿಲ್ಲ ಎನ್ನಲು ಇನ್ನೊಂದು ಕಾರಣವಿತ್ತು. ಅದನ್ನು ಪಂಕ್ತಿಯಲ್ಲಿ ಹೇಳುವಂತಿರಲಿಲ್ಲ. ಲಖನ ಹುಕ್ಕೇರಿಯ ಒಂದು ಗ್ಯಾರೇಜಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವವನು. ಹಗಲೆಲ್ಲ ಬಿಚ್ಚಿ ಜೋಡಿಸಿದ ಎಂಜಿನ್ನುಗಳನ್ನು ರಾತ್ರಿ ಮೂಗಿನಲ್ಲಿ ಒಂದೊಂದಾಗಿ ಚಾಲೂ ಮಾಡಿ ನೋಡುತ್ತಾನೆ ಎಂದು ಬೆಲ್ಲದ ಬಾಗೇವಾಡಿಯ ಅವನ ಓಣಿಯವರು ಆಡಿಕೊಳ್ಳುತ್ತಿದ್ದರು. ಬೇಸಿಗೆಯಲ್ಲಿ ಎಲ್ಲರೂ ಮಾಳಿಗೆಯ ಮೇಲೆ ಮಲಗುವ ದಿನಗಳಲ್ಲಿ ಬಾಜೂಮನೆಯ ಯಲ್ಲಾರಿ ಕಾಕಾ ಹಾಸಿಗೆ ಸುತ್ತಿಕೊಂಡು ಹೊಲದ ಗುಡಿಸಲಿಗೆ ಹೋಗುತ್ತಿದ್ದ. ಸ್ವಂತ ತಾಯಿ ಉದ್ದವ್ವನೇ, "ನನ್ನ ಮಗಾ ಮನ್ಯಾಗ ಮಲಗಿದ್ರ ನಾಯಿ ಸಾಕೂ ಖರ್ಚಿಲ್ಲ" ಎಂದು ಬಂದವರ ಮುಂದೆಲ್ಲ ಹೇಳುವಳು.

ಬಸ್ಸು ಹತ್ತುವ ಮೊದಲು ಆ ಉದ್ದವ್ವನ ಫೋನೂ ಬಂತು.

"ಲಖ್ಯಾ, ಬಸ್ಸಿನಾಗ ಮಲಗೀದಿ ಅಂದ್ರ ಜನಾ ನಿನ್ನ ಚಿತ್ರದುರ್ಗದಾಗ ಇಳಿಸಿ ಹೋಗ್ತಾರ. ಅಕಿ ಪರೀಕ್ಷಾ ಐತಿ. ಎಚ್ಚರ ಇರು."

"ಎಚ್ಚರ ಇರ್ತೀನಿ ಬೇ" ಎಂದ ಲಖನ.

ಬೆಂಗಳೂರಿನಿಂದ ಬಂದ ಬಸ್ಸು ರಾತ್ರಿ ಹತ್ತಕ್ಕೆ ತುಮಕೂರು ಬಿಟ್ಟಿತು. ಆಮ್ರಪಾಲಿಗೆ ಮೇಲಿನ ಬರ್ತು, ಲಖನನಿಗೂ ಸುಮನ್‌ಗೂ ಅದರ ಕೆಳಗಿನದು. ಎದುರಿನ ಬರ್ತಿನಲ್ಲಿ ಮೂಡಲಗಿಯ ಗೌರಕ್ಕ; ಬೆಂಗಳೂರಿನಲ್ಲಿ ಮಗಳ ಬಾಣಂತನ ಮುಗಿಸಿ ವಾಪಸು ಹೊರಟವಳು. ಆಕೆಯ ಮೇಲೆ ಗೋಕಾಕದ ಬೆಲ್ಲದ ವ್ಯಾಪಾರಿ ಬಸವಣ್ಣೆಪ್ಪ. ಲಖನನ ಹಿಂದಿನ ಬರ್ತಿನಲ್ಲಿ ಕನ್ನಡಕದ ಶಿವಾನಂದ ಮಾಸ್ತರರು. ಎಲ್ಲರೂ ಒಂದೇ ಕಡೆಯವರು ಎಂದು ಗೊತ್ತಾಗಿ ಮಾತು ಶುರುವಾಗುವಷ್ಟರಲ್ಲಿ ಸುಮನ್ ಬಾಯಿ ತೆರೆದ.

ಬಾಟಲಿಯ ಹಾಲು ಕೊಟ್ಟರೆ ಕುಡಿದ, ಕುಡಿದು ಅತ್ತ. ಭುಜಕ್ಕೆ ಹಾಕಿಕೊಂಡರೆ ಭುಜ ಕಚ್ಚಿ ಅತ್ತ. ಶಿರಾ ಬಂತು, ಹೋಯಿತು; ಅಳು ಹೋಗಲಿಲ್ಲ.

ಮೇಲಿನಿಂದ ಆಮ್ರಪಾಲಿಯ ಮುಖ ಇಣುಕಿತು. "ಇಲ್ಲಿ ಕೊಡ್ರಿ."

"ನೀ ಮಕ್ಕೊ" ಎಂದು ಲಖನ ಪರದೆ ಎಳೆದ.

ಗೌರಕ್ಕನಿಗೆ ಇನ್ನು ಸುಮ್ಮನಿರಲಾಗಲಿಲ್ಲ. ಮೂರು ತಿಂಗಳು ಮೊಮ್ಮಗನನ್ನು ಎತ್ತಿ ಆಡಿಸಿದ ಕೈಗಳು ಅವು. "ತಮ್ಮಾ, ಕೂಸಿಗಿ ಜೋಳಿಗಿ ಬೇಕು. ತಡಿ" ಎನ್ನುತ್ತ ಚೀಲದಿಂದ ಹಳೇ ಇಳಕಲ್ ಸೀರೆ ತೆಗೆದು, ಆಚೆಯ ಈಚೆಯ ಮೇಲಿನ ಬರ್ತುಗಳ ಕಂಬಿಗೆ ಬಿಗಿದು, ನಡುದಾರಿಯಲ್ಲೇ ಜೋಳಿಗೆ ಕಟ್ಟಿದಳು. ಸುಮನ್‌ನನ್ನು ಅದರಲ್ಲಿ ಹಾಕಿ ತೂಗಿದರೆ, ಏನಾಶ್ಚರ್ಯ, ಅಳು ನಿಂತಿತು. ಲಖನ ಗೌರಕ್ಕನಿಗೆ ಕೈ ಮುಗಿಯಬೇಕು ಎನ್ನುವಾಗಲೇ ರಸ್ತೆಗೆ ಎಮ್ಮೆ ಅಡ್ಡ ಬಂದಿತೋ ಏನೋ, ಡ್ರೈವರ್ ಬ್ರೇಕ್ ಒತ್ತಿದ. ಜೋಳಿಗೆ ಒಮ್ಮೆ ಮುಂದೆ ಹೋಗಿ, ಹೋದಷ್ಟೇ ಜೋರಿನಲ್ಲಿ ಹಿಂದೆ ಬಂದು, ಶಿವಾನಂದ ಮಾಸ್ತರರ ಪರದೆಯೊಳಗೆ ನುಗ್ಗಿತು. ಮರಳಿ ಬಂದಾಗ ಸುಮನ್‌ನ ಕೈಯಲ್ಲಿ ಮಾಸ್ತರರ ಕನ್ನಡಕವಿತ್ತು.

"ಏನ ನಡದೈತ್ರಿ ಇದು?" ಮಾಸ್ತರರು ಎದ್ದು ಕೂತರು. "ನಾಳೆ ಪರೀಕ್ಷಾಕ್ಕ ಮೇಲ್ವಿಚಾರಕ ಅದೇನಿ ನಾ. ಮುಂಜಾನೆ ಎಂಟಕ್ಕ ಕಾಲೇಜಿನಾಗ ಇರಬೇಕು."

"ನಮ್ಮ ಮನಿಯಾಕಿನೂ ಅದs ಪರೀಕ್ಷಾ ಬರೀಯಾಕ ಹೊಂಟಾಳ್ರಿ ಸರ" ಎಂದ ಲಖನ ಸಂಬಂಧ ಬೆಳೆಸುವ ಆಸೆಯಿಂದ. ಮಾಸ್ತರರು ಕನ್ನಡಕ ಕಿತ್ತುಕೊಂಡು ಪರದೆ ಎಳೆದುಕೊಂಡರು. ಸುಮನ್ ಕನ್ನಡಕಕ್ಕಾಗಿ ಹೊಸದಾಗಿ ಅಳಲು ಶುರುಮಾಡಿದ.

ಈಗ ಬಸವಣ್ಣೆಪ್ಪನ ಸರದಿ. ಅವನು ಮೇಲಿನಿಂದಲೇ ರೋಗ ಕಂಡುಹಿಡಿದ. "ಹೊಟ್ಟಿ ಉಬ್ಬೈತಿ. ಇಂಗು ತೇದು ಹೊಕ್ಕಳಕ್ಕ ಹಚ್ಚು. ನಮ್ಮ ಮನ್ಯಾಗ ಐದು ಮಕ್ಳು ಇಂಗಿನ ಮ್ಯಾಲೇ ಬೆಳದಾವ."

"ಬಸ್ಸಿನಾಗ ಇಂಗು ಎಲ್ಲಿಂದ ತರ್ಲಿ ಕಾಕಾ?"

"ಊಟಕ್ಕ ನಿಲ್ಲಸ್ತಾನಲ್ಲ, ಅಲ್ಲಿ ಕೇಳು."

ನಡುರಾತ್ರಿ ಹಿರಿಯೂರಿನ ಹತ್ತಿರ ಬಸ್ಸು ಒಂದು ಧಾಬಾ ಮುಂದೆ ನಿಂತಿತು. ಅಳುವ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಲಖನ ಅಡುಗೆಮನೆಗೆ ನುಗ್ಗಿ ಇಂಗು ಕೇಳಿದ. ಅಡುಗೆಯವನು ಒಳ್ಳೆಯವನು. ಆದರೆ ಅವನ ಹತ್ತಿರ ಬರೀ ಇಂಗು ಇರಲಿಲ್ಲ. ದಾಲ್‌ಗೆ ಹಾಕಲು ಜೀರಿಗೆ, ತುಪ್ಪ, ಇಂಗು ಕೂಡಿಸಿ ಆರಿಸಿಟ್ಟ ಒಗ್ಗರಣೆ ಇತ್ತು. ಆಪತ್ತಿಗೆ ಅದೇ ಆಯಿತು. ಸುಮನ್‌ನ ಹೊಕ್ಕಳಿಗೆ ಒಗ್ಗರಣೆ ಬಿತ್ತು. ಅವನು ಎರಡು ಸಲ ಸೀನಿ, ಅಳುವುದನ್ನು ಬಿಟ್ಟ ಜಾಗದಿಂದಲೇ ಮುಂದುವರಿಸಿದ. ಬಸ್ಸಿಗೆ ಮರಳಿದಾಗ ಇಡೀ ಬಸ್ಸು ದಾಲ್ ವಾಸನೆ ಹಿಡಿದು, ಮಲಗಿದ್ದ ಇಬ್ಬರು ಎದ್ದು ಊಟ ಬಂತೇ ಎಂದು ಕೇಳಿದರು.

ಮೇಲಿನ ಬರ್ತಿನಲ್ಲಿ ಆಮ್ರಪಾಲಿ ಹೊರಳಾಡುವ ಸದ್ದು ಕೇಳುತ್ತಲೇ ಇತ್ತು. ಪ್ರತಿ ಹೊರಳಿಗೂ ಲಖನನ ಎದೆಯಲ್ಲಿ ಒಂದೊಂದು ಅಂಕ ಕಡಿಮೆಯಾಗುತ್ತಿತ್ತು.

ದಾವಣಗೆರೆ ದಾಟಿದ ಮೇಲೆ ಒಂದು ವಿಚಿತ್ರ ನಡೆಯಿತು. ಔಷಧ ಹೇಳಿದ ತೃಪ್ತಿಯಲ್ಲಿ ಬಸವಣ್ಣೆಪ್ಪ ನಿದ್ದೆಹೋಗಿ, ಸಣ್ಣಗೆ ಗೊರಕೆ ಶುರುಮಾಡಿದ. ಸುಮನ್ ಅಳು ನಿಲ್ಲಿಸಿದ. ಕತ್ತು ಮೇಲೆತ್ತಿ ಗುರುತಿನವರ ದನಿ ಕೇಳಿದಂತೆ ಆಲಿಸಿದ. ಅವನ ಕಣ್ಣೆವೆಗಳು ಭಾರವಾಗಿ ಕೆಳಗಿಳಿಯತೊಡಗಿದವು.

ಗೌರಕ್ಕ ಗಾಬರಿಯಾದಳು. "ಅಯ್ಯ, ಕೂಸು ಈಗ ಮಲಗಾಕತ್ತೈತಿ, ಈ ಮುದುಕ ಗೊರಕಿ ಹೊಡದು ಎಬ್ಬಸ್ತಾನ" ಎಂದು, ಛತ್ರಿಯ ತುದಿಯಿಂದ ಮೇಲಿನ ಹಲಗೆಗೆ ಕುಟ್ಟಿದಳು. ಬಸವಣ್ಣೆಪ್ಪ ಎದ್ದ. ಗೊರಕೆ ನಿಂತಿತು. ಸುಮನ್ ಮತ್ತೆ ಅತ್ತ.

"ನೋಡ್ದೇನು, ಎದ್ದs ಬಿಡ್ತು" ಎಂದಳು ಗೌರಕ್ಕ. ಲಖನನೂ ಬಸವಣ್ಣೆಪ್ಪನ ಕಡೆ ಸಿಟ್ಟಿನಿಂದಲೇ ನೋಡಿದ. ಒಬ್ಬ ಮನುಷ್ಯನಿಗೆ ಅಷ್ಟೂ ತಿಳಿಯಬಾರದೇ ಎನಿಸಿತು ಅವನಿಗೆ.

ಹಾವೇರಿ ಹೋಯಿತು, ಹುಬ್ಬಳ್ಳಿ ಹೋಯಿತು. ಲಖನ ತೊಡೆ ಚಿವುಟಿಕೊಂಡ. ಕಿಟಕಿ ತೆರೆದು ಮುಖಕ್ಕೆ ಗಾಳಿ ಹೊಡೆಸಿಕೊಂಡ. ಗ್ಯಾರೇಜಿನಲ್ಲಿರುವ, ನಟ್ಟು ಬಿಚ್ಚುವ ಪಾನಾಗಳ ನಂಬರುಗಳನ್ನು ಸಣ್ಣದರಿಂದ ದೊಡ್ಡದಕ್ಕೂ ದೊಡ್ಡದರಿಂದ ಸಣ್ಣದಕ್ಕೂ ಹೇಳಿಕೊಂಡ. ಧಾರವಾಡ ದಾಟಿದಾಗ ನಾಲ್ಕೂವರೆ. "ಬರೇ ಎರಡ ನಿಮಿಷ ಕಣ್ಣಿಗಿ ಆರಾಮ ಕೊಡ್ತೀನಿ" ಎಂದು ಅಳುವ ಸುಮನ್‌ನನ್ನು ಎದೆಯ ಮೇಲೆ ಹಾಕಿಕೊಂಡು ಒರಗಿದ. ಅಷ್ಟೇ ಅವನಿಗೆ ನೆನಪಿರುವುದು.

ಎಚ್ಚರಾದಾಗ ಬೆಳಕಾಗಿತ್ತು. ಬಸ್ಸು ಗೋಕಾಕದಲ್ಲಿ ನಿಂತಿತ್ತು. ಸುತ್ತಲೂ ಕೆಂಪು ಕಣ್ಣುಗಳು ಅವನನ್ನೇ ನೋಡುತ್ತಿದ್ದವು. ಎದೆಯ ಮೇಲೆ ಸುಮನ್ ಕೈಕಾಲು ಚೆಲ್ಲಿ ಗಾಢ ನಿದ್ದೆಯಲ್ಲಿದ್ದ.

"ಕೂಸು ಅತ್ತರ ನಡ್ವ ನಡ್ವ ಉಸಿರಾದ್ರೂ ತುಗೊಂತಿತ್ತು" ಎಂದ ಬಸವಣ್ಣೆಪ್ಪ. "ನೀ ಅಷ್ಟೂ ಬಿಡುವು ಕೊಡ್ಲಿಲ್ಲ ನೋಡು. ಎರಡೂವರಿ ತಾಸು, ಒಂದs ಸಮನ."

"ಡ್ರೈವರ ಎರಡ ಸಲ ಗಾಡಿ ನಿಲ್ಲಿಸಿ ಎಂಜಿನ್ ನೋಡ್ದ" ಎಂದರು ಶಿವಾನಂದ ಮಾಸ್ತರರು.

ಗೌರಕ್ಕ ಮಾತ್ರ ಗಲ್ಲಕ್ಕೆ ಕೈ ಹಚ್ಚಿಕೊಂಡು ನಿಂತಿದ್ದಳು. "ತಮ್ಮಾ, ನಿನ್ನ ಗೊರಕಿ ಚಾಲೂ ಆತು, ಕೂಸು ಗಪ್ಪನ ಮಲಗಿತು. ಹುಟ್ಟಿದಾಗಿಂದ ಅದನ್ನs ಕೇಳಿ ಬೆಳದೈತಿ ಅದು. ನಾವು ಸುಳ್ಳs ಜೋಳಿಗಿ ಕಟ್ಟಿದ್ವಿ."

ಲಖನ ಎಲ್ಲರಿಗೂ ಕೈ ಮುಗಿದು, ಮುಖ ತಗ್ಗಿಸಿ ಇಳಿದ. ಮಾತು ಮುರಿದ ನಾಚಿಕೆ, ಬಸ್ಸಿನವರಿಂದೆಲ್ಲ ಬಯ್ಸಿಕೊಂಡ ನಾಚಿಕೆ. ಆದರೆ ಆಮ್ರಪಾಲಿಯ ಮುಖದಲ್ಲಿ ಸಿಟ್ಟಿರಲಿಲ್ಲ.

"ನಾಲ್ಕೂವರಿತನಕ ನನಗೂ ಕಣ್ಣ ಹತ್ತಲಿಲ್ರಿ" ಎಂದಳು ಮೆಲ್ಲಗೆ. "ಕೂಸು ಅಳ್ತೈತಿ ಅಂತಲ್ಲ. ಏನೋ ಖಾಲಿ ಖಾಲಿ ಅನಸಾಕತ್ತಿತ್ತು. ನಿಮ್ಮ ಸಪ್ಪಳ ಕೇಳೂದs ತಡ, ನಿದ್ದಿ ಬಂತು. ಮೂರ ವರ್ಷದ ರೂಢಿ ನೋಡ್ರಿ."

ಓಣಿಯೆಲ್ಲ ನಕ್ಕ ತನ್ನ ಗೊರಕೆಯನ್ನು ಇಷ್ಟು ಪ್ರೀತಿಯಿಂದ ನೆನೆಯುವ ಜೀವವೊಂದಿದೆ ಎಂದು ಅವನಿಗೆ ಈವರೆಗೆ ಗೊತ್ತಿರಲಿಲ್ಲ. ಹೋಟೆಲಿನಲ್ಲಿ ಎರಡು ಪ್ಲೇಟು ಇಡ್ಲಿ ಹೆಚ್ಚೇ ತಿನ್ನಿಸಿ ಆಕೆಯನ್ನು ಪರೀಕ್ಷೆಗೆ ಕಳಿಸಿದ.

ಕಾಲೇಜಿನ ಕಾಂಪೌಂಡಿನ ಹೊರಗೆ ಬೇವಿನ ಗಿಡದ ನೆರಳಿತ್ತು. ಹನ್ನೊಂದರ ಹೊತ್ತಿಗೆ ಸುಮನ್ ಕಣ್ಣು ತಿಕ್ಕಿಕೊಂಡು ರಾಗ ತೆಗೆದ. ಲಖನ ಈಗ ಹೆದರಲಿಲ್ಲ. ಔಷಧ ತನ್ನ ಮೂಗಿನಲ್ಲೇ ಇದೆ. ಟವೆಲ್ಲು ಹಾಸಿ, ಸುಮನ್‌ನನ್ನು ಎದೆಗೆ ಹಾಕಿಕೊಂಡು, ರಾತ್ರಿಯ ಬಾಕಿ ನಿದ್ದೆಯನ್ನೆಲ್ಲ ಕರೆದು ಮಲಗಿದ. ಅಪ್ಪ ಮಗ ಇಬ್ಬರೂ ಒಂದೇ ಗಳಿಗೆಯಲ್ಲಿ ಜಗತ್ತನ್ನು ಮರೆತರು.

ಯಾರೋ ಕೋಲಿನಿಂದ ತಿವಿದಂತಾಗಿ ಕಣ್ಣು ತೆರೆದರೆ, ಕಾಂಪೌಂಡ್ ಗೋಡೆಯ ಮೇಲೆ ಶಿವಾನಂದ ಮಾಸ್ತರರ ಮುಖವಿತ್ತು. ಕೈಯಲ್ಲಿ ಅಳತೆಪಟ್ಟಿ.

"ನೀನs ಅಂತ ಕುಂತಲ್ಲೇ ಗೊತ್ತಾತು. ಈ ದನಿ ನಾ ಸಾಯೂತನಕ ಮರ್ಯಾಂಗಿಲ್ಲ" ಎಂದರು ಅವರು. "ಅಲ್ಲೋ ಮಾರಾಯಾ, ಈ ಗ್ವಾಡಿ ದಾಟಿದ್ರ ಪರೀಕ್ಷಾ ಖೋಲಿ. ಎಲ್ಲಾರೂ ಕಿಟಕಿ ಹಾಕ್ರಿ ಸರ ಅಂತ ಒದರಾಕತ್ತಾರ. ಒಬ್ಬಾಕಿ ಮಾತ್ರ ಏನೂ ಅನವಲ್ಲಳು. ಉತ್ತರಪತ್ರಿಕಿ ಮ್ಯಾಲ ತಲಿ ಇಟ್ಟು ಸುಖನಿದ್ದಿ ಮಾಡಾಕತ್ತಾಳ. ಮೂರ ಸಲ ಬೆಂಚ ಬಡದೆ, ಏಳವಲ್ಲಳು."

"ಯಾರ್ರಿ ಸರ?" ಎಂದು ಕೇಳಿದ ಲಖನ.

"ಯಾರಂತ ಕೇಳ್ತಿ. ನಿನ್ನ ಮನಿಯಾಕಿ."

ಲಖನ ದಡಬಡಿಸಿ ಎದ್ದು ಕೂತ. ಗೊರಕೆ ನಿಂತಿದ್ದರಿಂದ ಒಳಗೆ ಆಮ್ರಪಾಲಿ ಆಗಲೇ ಎದ್ದಿದ್ದಳು. ಅದೇ ಕಾರಣಕ್ಕೆ ಹೊರಗೆ ಸುಮನ್‌ನೂ ಎದ್ದು ಗಿಡದ ಕಾಗೆ ಹಾರುವಂತೆ ಕಿರುಚಿದ. ತಾನು ಮಲಗಿದರೆ ಹೆಂಡತಿ ಮಲಗುತ್ತಾಳೆ, ತಾನು ಎದ್ದರೆ ಮಗ ಏಳುತ್ತಾನೆ. ಲಖನ ಮಗನನ್ನು ಎತ್ತಿಕೊಂಡು ಅಳು ಕಿಟಕಿಗೆ ಕೇಳದಷ್ಟು ದೂರ ಓಡಿ, ಉರಿಬಿಸಿಲಿನಲ್ಲಿ ಹನ್ನೆರಡೂವರೆಯವರೆಗೆ ರಸ್ತೆ ಅಳೆದ.

ಆಮ್ರಪಾಲಿ ಹೊರಗೆ ಬಂದಳು. ಕೆನ್ನೆಯ ಮೇಲೆ ಪೆನ್ನಿನ ಗೆರೆ ಮೂಡಿತ್ತು.

"ಎಷ್ಟ ಬಿಟ್ಟಿ?" ಲಖನ ಕೇಳಿದ.

"ಹತ್ತು ಪ್ರಶ್ನಾ ಉಳದ್ವು. ಇದು ಪಾಸೋ ಫೇಲೋ ಅನ್ನೂ ಅಂಚಿಗಿ ಬಂತು" ಎಂದಳು. "ಹೋಗ್ಲಿ ಬಿಡ್ರಿ. ಎರಡಕ್ಕ ಇನ್ನೊಂದು ಪೇಪರ್ ಐತಲ್ಲ. ಅದರಾಗ ಬಿಡಾಂಗಿಲ್ಲ ನಾ. ಆದ್ರ ತಲಿ ಭಾರ ಆಗೈತಿ. ಅಷ್ಟರಾಗ ಅರ್ಧ ತಾಸು ನಿದ್ದಿ ಆಗಬೇಕು."

"ಮಕ್ಕೊ, ಮಕ್ಕೊ. ಕೂಸಿನ್ನ ನಾ ಹಿಡಕೊಂತೀನಿ."

"ಹಿಡಕೊಳ್ಳೂದಲ್ರಿ" ಎಂದು ಆಮ್ರಪಾಲಿ ಟವೆಲ್ಲಿನ ಒಂದು ಬದಿಗೆ ಒರಗಿದಳು. ಸುಮನ್‌ನನ್ನು ಇನ್ನೊಂದು ಬದಿಗೆ ಮಲಗಿಸಿದಳು. ನಡುವಿನ ಜಾಗ ತೋರಿಸಿ, "ಬರ್ರಿ, ಚಾಲೂ ಮಾಡ್ರಿ" ಎಂದಳು.

ಲಖನ ನಡುವೆ ಮಲಗಿದ. ಕಣ್ಣು ಮುಚ್ಚಿದ. ಎರಡೂ ಕಡೆಯಿಂದ ನಾಲ್ಕು ಕಣ್ಣು ತನ್ನ ಮೂಗನ್ನೇ ನೋಡುತ್ತಿರುವುದು ಮುಚ್ಚಿದ ರೆಪ್ಪೆಯೊಳಗೂ ತಿಳಿಯುತ್ತಿತ್ತು. ಹುಟ್ಟಿದಾಗಿನಿಂದ ಕರೆಯದೆ ಬಂದ ನಿದ್ದೆ, ರಾತ್ರಿಯಿಡೀ ಬೇಡವೆಂದರೂ ಮೈಮೇಲೆ ಬಿದ್ದ ನಿದ್ದೆ, ಈಗ ಎಷ್ಟು ಕರೆದರೂ ಬರಲಿಲ್ಲ. ಕಾಲೇಜಿನ ಗಡಿಯಾರ ಒಂದು ಹೊಡೆಯಿತು. ಒಂದೂಕಾಲು ಆಯಿತು.

ಬೇರೆ ದಾರಿ ಕಾಣದೆ ಲಖನ ಸುಳ್ಳು ಗೊರಕೆ ತೆಗೆದ.

ಸುಮನ್ ಒಂದು ಕ್ಷಣ ಕೇಳಿದ. ಅಪ್ಪನ ಮೂಗನ್ನು ಗಟ್ಟಿಯಾಗಿ ಹಿಡಿದ. ಆಮೇಲೆ ಬಾಯಿ ತೆರೆದು ರಾತ್ರಿಯ ಅಳುವನ್ನೇ ಮತ್ತೆ ಶುರುಮಾಡಿದ.

"ಕೂಸಿಗಿ ಸುದ್ದಾ ಗೊತ್ತಾಗ್ತೈತ್ರಿ" ಎಂದಳು ಆಮ್ರಪಾಲಿ, ಕಣ್ಣು ತೆರೆಯದೆ. "ಖರೇದು ಹೊಡೀರಿ."