ವಿಲಾಯತಿ ಮೊಲದ ಹೊಟ್ಟೆನೋವು

ನಮ್ಮ ಕಡೆಯ ಜನಕ್ಕೆ ಪ್ರೀತಿಯನ್ನು ಬಾಯಿಂದ ಹೇಳಲು ಬರುವುದಿಲ್ಲ; ಎದುರಿಗಿದ್ದವರ ಬಾಯಿಗೆ ತುರುಕಲು ಬರುತ್ತದೆ. ಬೀಗರ ಮನೆಯಲ್ಲಿ ನೀವು ಸಾಕು ಅಂದರೆ ತಾಟಿಗೆ ಇನ್ನೊಂದು ಹೋಳಿಗೆ ಬೀಳುತ್ತದೆ. ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ತುಪ್ಪ ಸುರಿಯುತ್ತದೆ. ನನ್ನ ಗೆಳೆಯನೊಬ್ಬ ಮದುವೆಯಾದ ಹೊಸದರಲ್ಲಿ ಅತ್ತೆಮನೆಯ ಉಪಚಾರ ತಾಳಲಾರದೆ, ಹಿತ್ತಲ ಬಾಗಿಲಿನಿಂದ ಹೊರಬಿದ್ದು ಮೋಟಾರು ಹಿಡಿದು ಊರಿಗೆ ಓಡಿಬಂದಿದ್ದ. ಹೆಂಡತಿಯನ್ನು ಅಲ್ಲಿಯೇ ಮರೆತು ಬಂದದ್ದು ಅವನಿಗೆ ಅರ್ಧ ದಾರಿಯಲ್ಲಿ ನೆನಪಾಯಿತಂತೆ. ಮನುಷ್ಯನಿಗಾದರೆ ಹೀಗೆ ಹಿತ್ತಲ ಬಾಗಿಲಾದರೂ ಇರುತ್ತದೆ. ಬುಟ್ಟಿಯೊಳಗೆ ಕುಳಿತ ಸಣ್ಣ ಪ್ರಾಣಿಗೆ ಎಲ್ಲಿಯ ಬಾಗಿಲು? ನಮ್ಮ ಮನೆಯಲ್ಲಿ ಪ್ರೀತಿಗೆ ಸಿಕ್ಕು ಸತ್ತ ಒಂದು ಜೀವವನ್ನು ನೆನೆದರೆ ಇಂದಿಗೂ ನನಗೆ ನಗು ಬರುತ್ತದೆ. ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ನಾನಾಗ ಹುಕ್ಕೇರಿಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಮಾಸ್ತರ. ಮನೆಯಲ್ಲಿ ನಾವು ಮೂವರೇ: ನಾನು, ನನ್ನ ಹೆಂಡತಿ ನೀಲವ್ವ, ನನ್ನ ಸೋದರತ್ತೆ ಗೌರತ್ತಿ. ಗೌರತ್ತಿ ತುಕ್ಕಾನಟ್ಟಿಯವಳು, ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು, ತಾಯಿಯಿಲ್ಲದ ನನ್ನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು. ನೀಲವ್ವ ಗೋಕಾವಿಯವಳು. ಇಬ್ಬರೂ ಒಳ್ಳೆಯವರು. ಆದರೆ ಬಹಳ ದಿನಗಳಿಂದ ಇಬ್ಬರಿಗೂ ಮಾತಿರಲಿಲ್ಲ. ಜಗಳಕ್ಕೆ ಕೊಟ್ಟುಕೊಂಡ ಹೆಸರು ರೊಟ್ಟಿಯದು. 'ಗೋಕಾವಿಯವರ ರೊಟ್ಟಿ ತೆಳ್ಳಗ, ಮಾತು ದಪ್ಪ' ಎಂದು ಅತ್ತೆ ಅಂದಳೆಂದು ನೀಲವ್ವ, ಅಂದಿಲ್ಲವೆಂದು ಅತ್ತೆ. ನಿಜವಾದ ಗಾಯ ಬೇರೆಯೇ ಇತ್ತು. ಪಕ್ಕದ ಮನೆಯ ಕೂಸಿಗೆ ಹೆಸರಿಡುವ ದಿನ ಗೌರತ್ತಿ ತೊಟ್ಟಿಲ ಮುಂದೆ ನಿಂತು ನೀಲವ್ವನ ಕಡೆ ನೋಡಿ ಒಂದು ನಿಟ್ಟುಸಿರು ಬಿಟ್ಟಿದ್ದಳು. ನಮ್ಮ ಮನೆಯಲ್ಲಿ ಇನ್ನೂ ತೊಟ್ಟಿಲು ಕಟ್ಟಿರಲಿಲ್ಲ. ಆ ಉಸಿರಿನ ಮಾತನ್ನು ಯಾರೂ ಎತ್ತಲಿಲ್ಲ. ತಪ್ಪನ್ನೆಲ್ಲ, ಪಾಪ, ರೊಟ್ಟಿಯ ಮೇಲೆ ಹಾಕಿದರು.

ಆಮೇಲೆ ಮಾತೆಲ್ಲ ನನ್ನ ಮೂಲಕವೇ. 'ತಮ್ಮಾ, ಉಪ್ಪು ಮುಗದೈತಿ ಅಂತ ಹೇಳು' ಎಂದು ಅತ್ತೆ ಒಲೆಯ ಮುಂದೆ ಅಂದರೆ, ಅದೇ ಒಲೆಯ ಇನ್ನೊಂದು ಮಗ್ಗುಲಿಗೆ ಕುಳಿತ ನೀಲವ್ವ, 'ಗ್ವಾಡಿ ಮಾಡದಾಗ ಡಬ್ಬಿ ಐತಿ ಅಂತ ಹೇಳ್ರಿ' ಅನ್ನುವಳು. ನಾನು ಹೊರಗಿನ ಕಟ್ಟೆಯ ಮೇಲೆ ಕುಳಿತೇ 'ಹೂಂ' ಅನ್ನುವೆ. ಆ ಹೂಂ ಇಬ್ಬರಿಗೂ ಸೇರುತ್ತಿತ್ತು. ಎಷ್ಟೋ ಮನೆಗಳಲ್ಲಿ ಇಬ್ಬರು ಹೆಂಗಸರ ಬಾಯಿಗೆ ಬಾಯಿ ಹತ್ತಿ ಬೀದಿಯವರು ಸೇರುವುದನ್ನು ನೋಡಿದ್ದ ನನಗೆ ಈ ಮೌನ ಪುಣ್ಯದಂತೆಯೇ ಕಂಡಿತ್ತು.

ಹೀಗಿರುವಾಗ ಒಂದು ರವಿವಾರ ನನ್ನ ಮಾವನವರು ಗೋಕಾವಿಯಿಂದ ಮುಚ್ಚಳದ ಬುಟ್ಟಿಯೊಂದನ್ನು ಎದೆಗವಚಿಕೊಂಡು ಮೋಟಾರಿನಿಂದ ಇಳಿದರು. ಅವರು ನೂಲಿನ ಗಿರಣಿಯಲ್ಲಿ ಕಾರಕೂನರು. ಮುಚ್ಚಳ ತೆಗೆದರೆ ಒಳಗೆ ಎರಡು ಪ್ರಾಣಿ: ಒಂದು ಕೆಂಪು, ಒಂದು ಬಿಳಿ. ಬಾಲವಿಲ್ಲ, ಕುತ್ತಿಗೆಯಿಲ್ಲ. ಮೊಲವಾಗಲು ಹೊರಟ ಇಲಿಯೊಂದು ಅರ್ಧ ದಾರಿಯಲ್ಲಿ ಬೇಸರಪಟ್ಟು ನಿಂತಂತೆ ಇದ್ದವು.

"ನಮ್ಮ ಸಾಹೇಬರು ವಿಲಾಯತಿಗೆ ಹೊಂಟ್ರು, ಅಳಿಯಾರ," ಅಂದರು ಮಾವ. "ಅವರ ಹುಡುಗರು ಸಾಕಿದ್ದು ಇವು. ಗಿನಿಪಿಗ್ ಅಂತ. ನಮ್ಮ ಮನ್ಯಾಗ ಬೆಕ್ಕಿನ ಕಾಟ. ನೀಲವ್ವಗ ಹೊತ್ತರ ಹೋಗತೈತಿ ಅಂತ ಇಲ್ಲಿ ತಂದೆ."

ಇಂಗ್ಲಿಷ್ ಬಲ್ಲವನೆಂಬ ಹುರುಪಿನಲ್ಲಿ ನಾನು, "ಪಿಗ್ ಅಂದ್ರ ಹಂದಿ ಅಲ್ಲೇನ್ರಿ ಮಾವಾರ?" ಎಂದುಬಿಟ್ಟೆ. ಪಡಸಾಲೆಯಲ್ಲಿ ಲಿಂಗಪೂಜೆ ಮುಗಿಸಿ ಏಳುತ್ತಿದ್ದ ಗೌರತ್ತಿ ಅಲ್ಲಿಯೇ ಕುಸಿದು ಕುಳಿತಳು. "ಶಿವಶಿವಾ! ಲಿಂಗವಂತರ ಮನಿಯೊಳಗ ಹಂದಿ?" ನಾನು ಕೂಡಲೇ ನನ್ನ ಇಂಗ್ಲಿಷನ್ನು ಹಿಂದಕ್ಕೆ ತೆಗೆದುಕೊಂಡೆ. "ಇಲ್ಲತ್ತಿ, ಮೊಲ. ವಿಲಾಯತಿ ಮೊಲ." ಅವಳು ಬಗ್ಗಿ ನೋಡಿದಳು. ಕೆಂಪನೆಯದು ತಲೆಯೆತ್ತಿ 'ಕುಂಯ್' ಅಂದಿತು. ಅಷ್ಟಕ್ಕೇ ಅವಳ ಮುಖ ಸಡಿಲಾಯಿತು. ಅಂದಿನಿಂದ ಅವು ಕೆಂಪ ಮತ್ತು ಬೆಳ್ಳಿ.

"ಏನು ತಿಂತಾವ್ರಿ ಇವು?" ಎಂದು ನಾನು ಕೇಳಿದೆ.

ಮಾವ ತಲೆ ಕೆರೆದುಕೊಂಡರು. "ಮಡಮ್ಮ ಭಾಳ ಹೇಳಿದ್ರು. ನಾ ಎಲ್ಲಾದಕ್ಕೂ ಯಸ್ ಅಂದೆ. ನಡುನಡುವ ಬುಟ್ಟಿ ಕಡೆ ಕೈ ಮಾಡಿ 'ಹೇ, ಹೇ' ಅಂತಿದ್ರು. ದುಃಖ ತಡಕೊಳ್ಳಾಕ ಆಗಲಿಲ್ಲ ಕಾಣತೈತಿ, ಪಾಪ."

ದೊರೆಸಾನಿಯ ದುಃಖ ಹೇ ಹೇ ಎಂದು ಬರುವುದನ್ನು ಮಾವ ಮಾಡಿ ತೋರಿಸಿದರು. ಎಲ್ಲರೂ ನಕ್ಕೆವು. ಇಂಗ್ಲಿಷ್ ಮಾಸ್ತರನಾದ ನಾನು ಎಲ್ಲರಿಗಿಂತ ಹೆಚ್ಚು ನಕ್ಕೆ.

ಆ ಪ್ರಾಣಿಗಳದು ಒಂದು ಗುಣ. ಯಾರದೇ ಬಳೆಯ ಸದ್ದಾಗಲಿ, ಪಾತ್ರೆಯ ಸದ್ದಾಗಲಿ ಕೇಳಿದರೆ ಸಾಕು, ಬುಟ್ಟಿಯ ಅಂಚಿಗೆ ಕಾಲು ಕೊಟ್ಟು ನಿಂತು ಕುಂಯ್ ಕುಂಯ್ ಎಂದು ಕೂಗುವವು. ಮಾತು ನಿಂತುಹೋಗಿದ್ದ ಮನೆಯಲ್ಲಿ ಆ ಕೂಗು ಹೇಗೆ ಕೇಳಿಸಿರಬೇಕೆಂದು ನನಗೆ ಆಗ ಹೊಳೆದಿರಲಿಲ್ಲ. "ಈ ಮನ್ಯಾಗ ನನ್ನ ಕಂಡು ಒದರಾವು ಅಂದ್ರ ಇವೆರಡ, ತಮ್ಮಾ," ಎಂದು ಒಮ್ಮೆ ಗೌರತ್ತಿ ಅಂದಳು. ನೀಲವ್ವ ಅಷ್ಟನ್ನೂ ಅನ್ನಲಿಲ್ಲ. ಆದರೆ ಅವಳು ಬೆಳ್ಳಿಯನ್ನು ಸೆರಗಿನಲ್ಲಿ ಇಟ್ಟುಕೊಂಡು ಕಿಟಕಿಯ ಹತ್ತಿರ ಕುಳಿತಿದ್ದನ್ನು ಒಂದು ಮಧ್ಯಾಹ್ನ ಶಾಲೆಯಿಂದ ಬೇಗ ಬಂದವನು ನೋಡಿದೆ. ಏನೋ ಗುನುಗುತ್ತಿದ್ದಳು. ನನ್ನನ್ನು ಕಂಡು ನಿಲ್ಲಿಸಿದಳು.

ಕೂಗಿದವರಿಗೆ ಬರಿಗೈ ತೋರಿಸುವುದುಂಟೇ? ಗೌರತ್ತಿ ನಸುಕಿನಲ್ಲಿ ಹಾಲಿನಲ್ಲಿ ರೊಟ್ಟಿ ಮುರಿದು ಹಾಕುವಳು. ಹಬ್ಬ ಬಂದರೆ ಸಿಹಿ ಮಾದಲಿ, ಹಬ್ಬವಿಲ್ಲದಿದ್ದರೆ ಬೆಲ್ಲ. ಅವಳು ಬಾವಿಗೆ ಹೋದದ್ದೇ ತಡ, ನೀಲವ್ವ ತವರಿನಿಂದ ಬಂದ ಕರದಂಟಿನ ಚೂರು ಕೊಡುವಳು. ಮೇಲೆ ಒಂದು ಹಿಡಿ ಚುರಮುರಿ. ಒಬ್ಬಳು ಕೊಟ್ಟದ್ದು ಇನ್ನೊಬ್ಬಳಿಗೆ ಗೊತ್ತಿಲ್ಲ, ಗೊತ್ತಾಗಲು ಮಾತಾಡಬೇಕಲ್ಲ. ಸಂಜೆ ನನ್ನ ಚಹಾದೊಳಗೆ ಅದ್ದಿದ ಬಿಸ್ಕೀಟಿನ ತುದಿ ನನ್ನ ಪಾಲಿನದು. ಕೆಂಪನಂತೂ ಕೊಟ್ಟದ್ದಕ್ಕೆಲ್ಲ ಯಸ್ ಅನ್ನುವ ಸ್ವಭಾವದವನು. ಕೆಲವೇ ದಿನಗಳಲ್ಲಿ ಉರುಟಾದ ತಂಬಿಗೆಯಂತಾದ. "ಛಲೋ ಮೈ ಹಿಡದಾವ" ಎಂದು ಗೌರತ್ತಿ ಹಿಗ್ಗಿದಳು. "ಛಲೋ ಮೈ ಹಿಡದಾವಲ್ರಿ?" ಎಂದು ನೀಲವ್ವ ನನ್ನನ್ನು ಕೇಳಿದಳು. ಬಹಳ ದಿನಗಳ ಮೇಲೆ ಇಬ್ಬರೂ ಒಂದೇ ಅಭಿಪ್ರಾಯಕ್ಕೆ ಬಂದಿದ್ದರು. ನಾನು ಎಂದಿನಂತೆ ಹೂಂ ಅಂದೆ.

ಒಂದು ಬೆಳಿಗ್ಗೆ ಪಾತ್ರೆಯ ಸದ್ದಾದರೂ ಕೆಂಪ ಕೂಗಲಿಲ್ಲ. ಮೂಲೆಯಲ್ಲಿ ಕೂದಲು ನಿಗುರಿಸಿಕೊಂಡು ಮುದುಡಿ ಕುಳಿತಿದ್ದ. ಹೊಟ್ಟೆ ಮುಟ್ಟಿದರೆ ತಮಟೆಯ ಹಾಗೆ ಬಿಗಿದಿತ್ತು. ಹಿಂದಿನ ದಿನದಿಂದ ಹಿಕ್ಕೆಯನ್ನೂ ಹಾಕಿರಲಿಲ್ಲ. ಬೆಳ್ಳಿಗೆ ಅದರ ಉಲ್ಟಾ, ಬುಟ್ಟಿಯೆಲ್ಲ ರಾಡಿ. ಗೌರತ್ತಿ ಅಜವಾನ ಕುದಿಸಿದ ನೀರನ್ನು ಹತ್ತಿಯಿಂದ ಬಾಯಿಗೆ ಹಿಂಡಿದಳು. ಕೂಸಿಗೆ ಮಾಡುವಂತೆ ಹೊಕ್ಕಳಿಗೆ ಇಂಗು ಹಚ್ಚಬೇಕೆಂದು ಆ ರೋಮದ ರಾಶಿಯಲ್ಲಿ ಹೊಕ್ಕಳ ಹುಡುಕಿದಳು. ಸಿಗಲಿಲ್ಲ. ಸಿಕ್ಕಲಿ ಬಿಡಲಿ ಎಂದು ಹೊಟ್ಟೆಗೆಲ್ಲ ಬಳಿದಳು. ಅವಳು ಕೈ ತೊಳೆಯಲು ಹೋದಾಗ ನೀಲವ್ವ ಬಂದು ಔಡಲೆಣ್ಣೆ ನೆಕ್ಕಿಸಿದಳು. ಔಷಧದಲ್ಲಿಯೂ ಇಬ್ಬರಿಗೂ ಮಾತಿಲ್ಲ.

ನಾನು ಕೆಂಪನನ್ನು ಟೋಪಿಯಲ್ಲಿ ಇಟ್ಟುಕೊಂಡು ದನದ ಡಾಕ್ಟರರ ಹತ್ತಿರ ಒಯ್ದೆ. ಅವರು ಒಂದು ಹೋರಿಯ ಬಾಯಿ ಹಿಡಿದು ಬಿದಿರಿನ ಗೊಟ್ಟದಿಂದ ಔಷಧ ಹೊಯ್ಯುತ್ತಿದ್ದರು. ಟೋಪಿಯೊಳಗೆ ಇಣುಕಿ ನೋಡಿ, ಗೊಟ್ಟದ ಕಡೆ ನೋಡಿ, ಮತ್ತೆ ಟೋಪಿಯ ಕಡೆ ನೋಡಿದರು.

"ಮಾಸ್ತರ, ಸುಳ್ಳು ಹೇಳಂಗಿಲ್ಲ. ಇದನ್ನ ನಾ ಜನ್ಮದಾಗ ನೋಡಿಲ್ಲ. ಎತ್ತಿಗೆ ಹೊಟ್ಟಿ ಉಬ್ಬಿದ್ರ ಗೊಟ್ಟದಾಗ ಎಣ್ಣಿ ಹೊಯ್ತೀನಿ. ಈ ಗೊಟ್ಟದೊಳಗ ಇದ ಪೂರಾ ಕುಂದರತೈತಿ. ಏನು ತಿಂದೈತಿ ಅದನ್ನರ ಹೇಳ್ರಿ."

ಬಿಸ್ಕೀಟಿನ ತುದಿ ಎಂದು ನಾನು ಮೆಲ್ಲಗೆ ಹೇಳಿದೆ. ಉಳಿದದ್ದು ಮನೆಯಲ್ಲಿ ಕೇಳಬೇಕು ಅಂದೆ. "ಹಂಗಾರ ಕೇಳಿ ಬರ್ರಿ," ಎಂದು ಅವರು ಹೋರಿಯ ಕಡೆ ತಿರುಗಿದರು.

ಮನೆಗೆ ಬಂದು ಕೇಳಿದೆ. "ಒಂದು ಚೂರು ರೊಟ್ಟಿ ಅಷ್ಟ," ಅಂದಳು ಅತ್ತೆ. "ನಾ ಏನೂ ಕೊಟ್ಟಿಲ್ರಿ," ಅಂದಳು ನೀಲವ್ವ. ಇಬ್ಬರ ಉತ್ತರವನ್ನೂ ನಡುವೆ ನಿಂತು ಕೇಳಿಸಿಕೊಂಡೆ. ಇನ್ನೇನು ಮಾಡಬೇಕೋ ತಿಳಿಯದೆ ಕಟ್ಟೆಗೆ ಹೋಗಿ ಕುಳಿತೆ. ಸಂಜೆಯ ಹೊತ್ತಿಗೆ ಕೆಂಪ ಹಲ್ಲು ಕಡಿಯತೊಡಗಿದ. ನೋವು ತಿನ್ನುತ್ತಿರುವ ಆ ಸಣ್ಣ ಕಟಕಟ ಸದ್ದು ಹೊರಗಿನವರೆಗೂ ಕೇಳುತ್ತಿತ್ತು. ಆಗ ಒಳಗಿನಿಂದ, ಬಹಳ ಕಾಲದ ಮೇಲೆ, ಅತ್ತೆ ನನ್ನ ಹೆಂಡತಿಯ ಹೆಸರು ಹಿಡಿದು ಕರೆದದ್ದು ಕೇಳಿಸಿತು.

"ನೀಲವ್ವಾ. ಖರೆ ಹೇಳವ್ವಾ. ಏನು ತಿನಿಸಿದಿ?"

 ಆಮೇಲೆ ನೀಲವ್ವನ ದನಿ: "ಕರದಂಟ ಕೊಟ್ಟೇನ್ರಿ ಅತ್ಯಾರ. ದಿನಾ ಕೊಟ್ಟೇನಿ. ನೀವು?"

"ಮಾದಲಿ. ಬೆಲ್ಲ. ಹಾಲು ರೊಟ್ಟಿ. ದಿನಾ."

"ಅಯ್ಯ, ನಾವಿಬ್ರೂ ಕೂಡೇ..." ಎನ್ನುತ್ತ ನೀಲವ್ವ ಅಳತೊಡಗಿದಳು.  "ಅಳಬ್ಯಾಡ, ಅಳಬ್ಯಾಡ" ಎನ್ನುತ್ತ ಅತ್ತೆಯೂ ಅಳುತ್ತಿದ್ದಳು. "ಅವತ್ತ ತೊಟ್ಟಿಲ ಮುಂದ ನಾ ಉಸರು ಹಾಕಿದ್ದು ನಿನ್ನ ನೋಡಿ ಅಲ್ಲ ಮಗಳ. ನನ್ನ ಹಣೇಬರಾ ನೆನಸಿ. ನನಗೂ ತೂಗೂದು ಬರಲಿಲ್ಲಲ್ಲ." ಕಟ್ಟೆಯ ಮೇಲೆ ಕುಳಿತ ನಾನು ಹೂಂ ಅನ್ನಲು ಬಾಯಿ ತೆರೆದೆ. ನನ್ನ ಹೂಂ ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ಮರುದಿನ ಶಾಲೆಯಲ್ಲಿ ಗಾದೆಗಳ ಪಾಠ. ಹಲಗೆಯ ಮೇಲೆ 'ಮೇಕ್ ಹೇ ವೈಲ್ ದ ಸನ್ ಶೈನ್ಸ್' ಎಂದು ಬರೆದೆ. ವರ್ಷವರ್ಷವೂ ಬರೆಯುವ ಸಾಲು. "ಹೇ ಅಂದರೆ ಒಣಹುಲ್ಲು. ಬಿಸಿಲಿರುವಾಗಲೇ ಹುಲ್ಲು ಒಣಗಿಸಿಕೊಳ್ಳಿರಿ," ಎಂದು ಹೇಳಿ ಮುಂದಿನ ಗಾದೆಗೆ ಹೋಗಬೇಕೆಂದವನು ಸುಣ್ಣದ ಕಡ್ಡಿ ಹಿಡಿದುಕೊಂಡು ಹಾಗೆಯೇ ನಿಂತುಬಿಟ್ಟೆ. ಹೇ. ಹೇ. ಆ ದೊರೆಸಾನಿ ಬುಟ್ಟಿಯ ಕಡೆ ಕೈಮಾಡಿ ಮತ್ತೆ ಮತ್ತೆ ಹೇಳಿದ್ದಳು. ಮಾವ ಅಕ್ಷರ ತಪ್ಪದೆ ತಂದು ನನಗೆ ಒಪ್ಪಿಸಿದ್ದರು. ಅವರಿಗೆ ಇಂಗ್ಲಿಷ್ ಬಾರದು, ಸರಿ. ಪಗಾರ ತೆಗೆದುಕೊಂಡು ಅದನ್ನೇ ಕಲಿಸುವ ನನಗೆ ಏನಾಗಿತ್ತು?

ಹುಡುಗರಿಗೆ ಆ ಸಾಲನ್ನೇ ಬರೆಯುತ್ತ ಕೂಡಲು ಹೇಳಿ ಹೊರಗೆ ಓಡಿದೆ. ಸಂತೆಗೆ ಹೊರಟ ಚಕ್ಕಡಿಯೊಂದು ಬಾವಿಯ ಹತ್ತಿರ ನಿಂತಿತ್ತು. ಅದರಿಂದ ಹುಲ್ಲು ಹಿರಿಯತೊಡಗಿದೆ. "ಏ ಮಾಸ್ತರ, ಎತ್ತಿನ ಹುಲ್ರಿ ಅದು! ನಿಮಗ್ಯಾಕ?" ಎಂದು ಚಕ್ಕಡಿಯವನು ಕೂಗಿದ. "ಮನ್ಯಾಗ ಆರಾಮಿಲ್ಲಪ್ಪಾ," ಅಂದೆ.  ಅವನು ನನ್ನ ಮುಖವನ್ನು ಕರುಣೆಯಿಂದ ನೋಡಿ, ತಾನೇ ಎರಡು ಕೈ ತುಂಬ ಹುಲ್ಲು ಕೊಟ್ಟ. ಬಾವಿಯ ಬದಿಗೆ ಬೆಳೆದ ಹಸಿ ಕರಕಿ ಹುಲ್ಲನ್ನೂ ಕಿತ್ತುಕೊಂಡು, ಟೋಪಿಯಿಲ್ಲದೆ, ಹುಲ್ಲಿನ ಹೊರೆ ಎದೆಗೊತ್ತಿಕೊಂಡು ಹುಕ್ಕೇರಿಯ ಪೇಟೆಯಲ್ಲಿ ಓಡುವ ಇಂಗ್ಲಿಷ್ ಮಾಸ್ತರನನ್ನು ಆ ದಿನ ಊರೇ ನೋಡಿತು.

ಪಡಸಾಲೆಯಲ್ಲಿ ಅವರಿಬ್ಬರೂ ಅಕ್ಕಪಕ್ಕ ಕುಳಿತಿದ್ದರು. ಅತ್ತೆಯ ಮಡಿಲಿನಲ್ಲಿ ಹಳೆಯ ಸೀರೆಯ ತುಂಡಿನೊಳಗೆ ಕೆಂಪ ಮಲಗಿದ್ದ. "ಈಗರೆ ಹೋತು, ತಮ್ಮಾ," ಅಂದಳು. ನಾನು ಹುಲ್ಲನ್ನು ಹಿಡಿದುಕೊಂಡೇ ನಿಂತೆ. ನೀಲವ್ವ ಎದ್ದು ಬಂದು ನನ್ನ ಕೈಯಿಂದ ಕರಕಿಯ ಎಸಳೊಂದನ್ನು ತೆಗೆದು ಬೆಳ್ಳಿಯ ಮುಂದೆ ಹಿಡಿದಳು. ಬೆಳ್ಳಿ ಮೂಸಿತು. ಆಮೇಲೆ ತುದಿಯಿಂದ ಕಚ್ಚಿ, ಎಸಳು ಪೂರ್ತಿ ಬಾಯೊಳಗೆ ಹೋಗುವವರೆಗೆ ಚರಚರನೆ ಅಗಿಯಿತು. ಬೇಕಾಗಿದ್ದದ್ದು ಇಷ್ಟೇ. ಬಾವಿಯ ಅಂಚಿನಲ್ಲಿ ಯಾರೂ ಕೇಳದೆ ಬೆಳೆದು ಬಿದ್ದಿತ್ತು.

ಹಿತ್ತಲಿನ ನುಗ್ಗೆಗಿಡದ ಬುಡದಲ್ಲಿ ಕೆಂಪನನ್ನು ಹೂಳಿದೆವು. ಮಣ್ಣು ಮುಚ್ಚುವ ಮೊದಲು ಗೌರತ್ತಿ ಅವನ ಹಣೆಗೆ ವಿಭೂತಿ ಹಚ್ಚಿದಳು. ಹಂದಿಯೋ ಇಲಿಯೋ ಮೊಲವೋ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ಬೆಳ್ಳಿ ಉಳಿಯಿತು, ಹುಲ್ಲು ತಿಂದುಕೊಂಡು ಬಹುಕಾಲ ಬಾಳಿತು. ಆದರೆ ಪಾತ್ರೆಯ ಸದ್ದಿಗೆ ಮೊದಲಿನ ಹಾಗೆ ಎದ್ದು ನಿಂತು ಕೂಗಲಿಲ್ಲ. ಬುಟ್ಟಿಯ ಅರ್ಧ ಭಾಗವನ್ನು ಖಾಲಿ ಬಿಟ್ಟೇ ಮಲಗುತ್ತಿತ್ತು. ಒಳಗೆ ಮಾತ್ರ ಈಗ ಇಬ್ಬರು ಹೆಂಗಸರ ಮಾತು ನಿಲ್ಲುತ್ತಿರಲಿಲ್ಲ. ಆ ಮಾತು ಒಂದು ತಿಂಗಳು ಮೊದಲು ಶುರುವಾಗಿದ್ದರೆ, ಕಟ್ಟೆಯ ಮೇಲಿದ್ದವನು ಎದ್ದು ಒಳಗೆ ಹೋಗಿ ಇಬ್ಬರನ್ನೂ ಎದುರು ಕೂಡಿಸಿದ್ದರೆ ಎಂದು ಆ ಗಿಡದ ಹತ್ತಿರ ಹೋದಾಗಲೆಲ್ಲ ಅನಿಸುತ್ತದೆ.

ಅನಿಸುವುದು ಬೇರೆ, ಕಲಿಯುವುದು ಬೇರೆ. ಮೊನ್ನೆ ನೀಲವ್ವನಿಗೂ ನನಗೂ ಏನೋ ಮನಸ್ತಾಪ. ತಪ್ಪು ನನ್ನದೇ. ಯಮಕನಮರಡಿಗೆ ಹೋದವನು ಬರುವಾಗ ಒಂದು ಪೊಟ್ಟಣ ಜಿಲೇಬಿ ತಂದು ಅವಳ ಮುಂದೆ ಇಟ್ಟೆ.

"ಇದೇನ್ರಿ?"

"ಜಿಲೇಬಿ. ಭಾಳ ಛಲೋ ಅದಾವ. ತಿನ್ನು."

"ಜಿಲೇಬಿ ಅಂತ ನನಗೂ ಕಾಣತೈತಿ." ಅವಳು ಪೊಟ್ಟಣವನ್ನು ನನ್ನ ಕಡೆಗೇ ಸರಿಸಿದಳು. "ತಿನ್ನೂದು ಆಮೇಲೆ. ಇಲ್ಲಿ ಕುಂದರ್ರಿ. ಏನು ಹೇಳೂದೈತಿ, ಬಾಯಿಲೆ ಹೇಳ್ರಿ."

ಕುಳಿತೆ. ದಿನವಿಡೀ ಹುಡುಗರ ಮುಂದೆ ಎರಡು ಭಾಷೆಯಲ್ಲಿ ಮಾತಾಡುವವನು ನಾನು. ಅವಳು ಕಾದಳು. ನಾನು ಬಾಯಿ ತೆರೆದೆ. ಒಂದು ಭಾಷೆಯೂ ಬರಲಿಲ್ಲ. ತೆರೆದ ಬಾಯಿಯನ್ನು ಹಾಗೆಯೇ ಬಿಡುವುದು ಚೆನ್ನಾಗಿರುವುದಿಲ್ಲವೆಂದು, ಅದರೊಳಗೆ ಒಂದು ಜಿಲೇಬಿ ಹಾಕಿಕೊಂಡೆ.