ಒಂದು ಒತ್ತಿದವರು ಯಾರು?

ಜಯಾ: ಒಂದು ಪೈಸಾ ಕೊಡಂಗಿಲ್ಲ ಅಂದ್ರ ಕೊಡಂಗಿಲ್ಲ! ನಮ್ಮ ಮನ್ಯಾಗ ಯಾರೂ ಒಂದೂ ಒತ್ತಿಲ್ಲ, ಎರಡೂ ಒತ್ತಿಲ್ಲ. ಬರದು ಕೊಟ್ಟೇನಿ, ಸಹಿ ಮಾಡಿ ಕೊಟ್ಟೇನಿ. ಇನ್ನ ಹೆಬ್ಬಟ್ಟೂ ಬೇಕೇನು ನಿಮ್ಮ ಕಂಪನಿಗೆ?

ಫಕೀರೇಶ: ಹಂಗಲ್ರೀ ಅಕ್ಕಾರ...

ಜಯಾ: ಹಂಗೂ ಅಲ್ಲ, ಹಿಂಗೂ ಅಲ್ಲ. ನಡಿ.

ಕಮರಿಪೇಟೆಯ ಆ ಪುಟ್ಟ ಮನೆಯ ಹೊಸ್ತಿಲ ಮೇಲೆ ಜಯಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಕೆಳಗೆ ಕಟ್ಟೆಯ ಹತ್ತಿರ ಫಕೀರೇಶ ಬಗಲಲ್ಲಿ ಚೀಲ ಹಾಕಿಕೊಂಡು ನಿಂತಿದ್ದ. ಮೊಬೈಲ್ ಕಂಪನಿಯವರು ತಮ್ಮ ಕೈಗೆ ಬಾರದ ಬಾಕಿಯನ್ನೆಲ್ಲ ಒಂದು ವಸೂಲಿ ಆಫೀಸಿಗೆ ಒಪ್ಪಿಸಿದ್ದರು. ಆ ಆಫೀಸಿನವರು ಈ ಮನೆಯನ್ನು ಫಕೀರೇಶನ ಕೊರಳಿಗೆ ಕಟ್ಟಿದ್ದರು. ಈ ತಿಂಗಳಲ್ಲಿ ಅವನು ಬರುತ್ತಿರುವುದು ಇದು ಮೂರನೆಯ ಸಲ. ಬಾಕಿ ಎರಡು ಸಾವಿರದ ಮುನ್ನೂರ ನಲವತ್ತು ರೂಪಾಯಿ. ನಂಬರು ಇರುವುದು ಜಯಾಳ ಹೆಸರಿನಲ್ಲಿ. ಕಂಪನಿಯಿಂದ ಫೋನು ಬಂದಾಗ ಯಾರೋ 'ಒಂದು' ಒತ್ತಿ ದಿನದ ಲೆಕ್ಕದಲ್ಲಿ ದುಡ್ಡು ಕೀಳುವ ಸೇವೆಗಳನ್ನೆಲ್ಲ ತಗೊಂಡಿದ್ದಾರೆ ಎಂದು ಕಂಪನಿಯ ವಾದ. ಯಾರೂ ಒತ್ತಿಲ್ಲ ಎಂದು ಜಯಾಳ ವಾದ.

ಒಳಗೆ ಕುರ್ಚಿಯ ಮೇಲೆ ಪೇಪರು ಹಿಡಿದು ಕುಳಿತಿದ್ದ ಅವಳ ಗಂಡ ಗುರುಶಿದ್ದಪ್ಪನಿಗೆ ಮಾತ್ರ ಯಾವ ವಾದವೂ ಇರಲಿಲ್ಲ. ಏಕೆಂದರೆ ಒತ್ತಿದವನು ಅವನೇ. ಅರ್ಧ ಗಂಟೆಯಿಂದ ಬಡಪಾಯಿ ಒಂದೇ ಪುಟವನ್ನು ಓದುತ್ತಿದ್ದ. ಅದು ನಿಧನವಾರ್ತೆಯ ಪುಟ.

ಫಕೀರೇಶ: ಅಕ್ಕಾರ, ಇವತ್ತು ಬಗೀಹರೀಲಿಲ್ಲಂದ್ರ ನಾಕು ಗಂಟೆಕ್ಕ ನಿಮ್ಮ ಸಂಘದ ಸಭಾಕ್ಕ ಹೋಗಿ ಎಲ್ಲಾರ ಮುಂದ ಕೇಳು ಅಂದಾರ್ರಿ ನಮ್ಮ ಸಾಹೇಬ್ರು.

ಗುರುಶಿದ್ದಪ್ಪ ಪೇಪರು ಬದಿಗಿಟ್ಟು ಚಾ ಕಾಸಲು ಎದ್ದ. ಓಣಿಯ ಹೆಣ್ಣುಮಕ್ಕಳ ಉಳಿತಾಯ ಸಂಘಕ್ಕೆ ಆರು ವರ್ಷದಿಂದ ಜಯಾಳೇ ಅಧ್ಯಕ್ಷೆ. ಇವತ್ತು ಸಂಜೆ ವರ್ಷದ ಸಭೆ, ಹೊಸ ಆಯ್ಕೆ. ಎಲ್ಲಿಯಾದರೂ ಬಾಕಿ ಉಳಿಸಿಕೊಂಡವರು ಅಧ್ಯಕ್ಷರಾಗುವಂತಿಲ್ಲ ಎಂಬುದು ಆ ಸಂಘದ ಮೊದಲನೆಯ ನಿಯಮ. ಬರೆದವಳೂ ಜಯಾಳೇ. ಆ ಕುರ್ಚಿ ಹೋದರೆ ಅವಳಿಗೆ ಊಟ ಸೇರುವುದಿಲ್ಲ, ಅವಳಿಗೆ ಸೇರದಿದ್ದರೆ ತನಗೆ ಸಿಗುವುದಿಲ್ಲ ಎಂಬುದು ಗುರುಶಿದ್ದಪ್ಪನಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ತಾನು ಮಾಡಿದ ತಪ್ಪಿಗೆ ಅವಳು ತಲೆ ತಗ್ಗಿಸುವುದನ್ನು ನೆನೆದರೇ ಅವನಿಗೆ ಸಂಕಟವಾಗುತ್ತಿತ್ತು.

ಜಯಾ: ಅಂಜಸ್ತೀಯೇನೋ ತಮ್ಮಾ? ನಾನೂ ವಸೂಲಿ ಮಾಡಾಕಿನ. ನಿನಗ ವಸೂಲಿ ಮಾಡಾಕ ಬರಂಗಿಲ್ಲ, ತಿಳೀತಿಲ್ಲೋ? ಮೊದಲನೇ ಸಲ ಬಂದಾಗ ಚಪ್ಪಲಿ ಕಳದು ಒಳಗ ಬಂದು ಕುಂತಿ. ವಸೂಲಿಗೆ ಬಂದಾಂವ ಕುಂದ್ರಬಾರದು. ಕುಂತಿ ಅಂದ್ರ ಬೀಗರ ಪೈಕಿ ಆದಿ!

ಫಕೀರೇಶ: ಅದಕ್ಕ ಇವತ್ತು ನಿಂತೇನಲ್ರಿ.

ಜಯಾ: ಎರಡನೇ ಸಲ ಚಾ ಕುಡದಿ. ಚಾ ಕುಡದ ಮ್ಯಾಲ ಬಾಯಿ ಜೋರು ಮಾಡಾಕ ಬರತೈತೇನು?

ಫಕೀರೇಶ: ಇವತ್ತು ಚಾ ಕುಡಿಯಂಗಿಲ್ರಿ. ಆಣಿ ಮಾಡಿ ಬಂದೇನಿ.

ಗುರುಶಿದ್ದಪ್ಪ: (ಒಳಗಿನಿಂದ ಕಪ್ಪು ಹಿಡಿದು ಓಡಿ ಬರುತ್ತ) ಬರ್ರಿ ಬರ್ರಿ, ಬಿಸಿ ಐತಿ, ಮೊದಲ ಚಾ ತೊಗೋರಿ! ಒಳಗ ಕುಂದ್ರು ಬಾ.

ಫಕೀರೇಶ: ಕಾಕಾ, ನೀವ...

ಗುರುಶಿದ್ದಪ್ಪ: ಅಲ್ಲೋ, ಆಕಿಗೆ ಅಕ್ಕಾರ, ನನಗ ಕಾಕಾ! ನಿನ್ನ ಲೆಕ್ಕದಾಗ ನಾ ಆಕಿಗೆ ಏನಾಗಬೇಕೋ?

ಫಕೀರೇಶ: ಟ್ರೇನಿಂಗ್‌ನ್ಯಾಗ ಹಂಗ ಹೇಳಿ ಕೊಟ್ಟಾರ್ರಿ. ಹೆಣ್ಮಕ್ಕಳೆಲ್ಲಾ ಅಕ್ಕ, ಗಂಡಸರೆಲ್ಲಾ ಕಾಕಾ.

ಜಯಾಳ ಮುಖ ಒಂದು ಗಳಿಗೆ ಸಡಿಲಾಯಿತು. ಫಕೀರೇಶ ಆಣೆ ಮುರಿದು ಚಾ ಕುಡಿಯತೊಡಗಿದ, ಕುಡಿಯುತ್ತ ಕುಡಿಯುತ್ತ ಚಪ್ಪಲಿ ಕಳೆದು ಒಳಗೆ ಬಂದು ಕುಳಿತೂಬಿಟ್ಟ. ಆಮೇಲೆ ಚೀಲದಿಂದ ಒಂದು ಹಾಳೆ ತೆಗೆದ.

ಫಕೀರೇಶ: ಇವತ್ತು ಬರೇ ಬಾಯಿಲೆ ಬಂದಿಲ್ರಿ. ಯಾವ ತಾರೀಕು, ಎಷ್ಟು ಗಂಟೆಕ್ಕ, ಏನಕ್ಕ ಒಂದು ಒತ್ತ್ಯಾರ ಅಂತ ಕಂಪನಿಯಿಂದ ಪಟ್ಟಿನ ತರಿಸೇನಿ.

ಜಯಾ: ತಾ ಇಲ್ಲೆ! ತಡಿ, ಚಾಳೀಸ ತರ್ತೇನಿ. ಇವತ್ತು ನಿಮ್ಮ ಕಂಪನಿ ಬಂಡವಾಳನ ಬಯಲ ಮಾಡ್ತೇನಿ.

ಅವಳು ಒಳಗೆ ಹೋದದ್ದೇ ತಡ, ಗುರುಶಿದ್ದಪ್ಪ ಅಂಗಿಯ ಒಳಜೇಬಿನಿಂದ ಮಡಿಸಿದ ನೋಟುಗಳನ್ನು ತೆಗೆದು ಫಕೀರೇಶನ ಕೈಗೆ ತುರುಕಿದ.

ಗುರುಶಿದ್ದಪ್ಪ: ಲಗೂ ಹಿಡಿ. ಪಟ್ಟಿ ಚೀಲದಾಗ ಇಡು. ಹಾದಿ ಹಿಡಿ.

ಫಕೀರೇಶ: ಅಯ್ಯ! ಅಕ್ಕಾರು ಕೊಡಂಗಿಲ್ಲ ಅಂತಾರ, ನೀವು ಹಿಡಿ ಅಂತೀರಿ. ಯಾರ ಮಾತು ಕೇಳೂದ್ರಿ ನಾನು?

ಗುರುಶಿದ್ದಪ್ಪ: ರೊಕ್ಕದ ಮಾತು ಕೇಳೋ.

ಫಕೀರೇಶ: ಪಾವತಿ ಚೀಟಿ ಇಲ್ದ ರೊಕ್ಕ ಮುಟ್ಟಿದ್ರ ನನ್ನ ನೌಕರಿ ಹೋಗತೈತ್ರಿ. ಪಾವತಿ ಹರೀಬೇಕಂದ್ರ ಆ ನಂಬರಿಗೆ ಒಂದು ಓಟಿಪಿ ಬರತೈತಿ, ಅದನ್ನ ಹೇಳ್ರಿ ಸಾಕು. ಫೋನ ಎಲ್ಲೈತಿ?

ಗುರುಶಿದ್ದಪ್ಪ: ಆಕಿ ಸಂಚ್ಯಾಗ.

ಫಕೀರೇಶ: ಹಂಗಾರ ಇಸಕೊಂಡು ಬರ್ರಿ.

ಗುರುಶಿದ್ದಪ್ಪ: ಮದುವಿ ಆಗಿ ಮೂವತ್ತೆಂಟು ವರ್ಷ ಆತು ತಮ್ಮಾ. ಆ ಸಂಚ್ಯಾಗ ಹೋಗಿದ್ದು ನೋಡೇನಿ, ನಾ ಕೇಳಿದಾಗ ಹೊರಗ ಬಂದಿದ್ದು ನೋಡಿಲ್ಲ.

ಜಯಾ: (ಚಾಳೀಸು ಮೂಗಿಗೆ ಏರಿಸುತ್ತ ಬಂದು) ಏನದು ಗುಸುಗುಸು?

ಗುರುಶಿದ್ದಪ್ಪ: (ನೋಟುಗಳನ್ನು ಕಸಿದು ಮತ್ತೆ ಜೇಬಿಗೆ ತುರುಕುತ್ತ) ಏನಿಲ್ಲ, ಸಕ್ರಿ ಬೇಕೇನು ಅಂತ ಕೇಳಾಕತ್ತಿದ್ದೆ.

ಜಯಾ: ಓದೋ ತಮ್ಮಾ. ನನಗ ಸಣ್ಣ ಅಕ್ಷರ ಕಾಣವಲ್ದು. ಜೋರಾಗಿ ಓದು, ಓಣಿಗೆಲ್ಲಾ ಕೇಳಲಿ.

ಫಕೀರೇಶ: ಒಂದನೇದು, ದಿನಕ್ಕೊಂದು ಭಜನಿ. ದಿನಕ್ಕ ಎರಡು ರೂಪಾಯಿ. ಒತ್ತಿದ್ದು ಸೋಮವಾರ, ಮಧ್ಯಾಹ್ನ ಮೂರೂವರಿ.

ಜಯಾ: ಸೋಮವಾರ ಮೂರೂವರಿ! ಸಂಘದಾಗ ಇರತೇನಿ ಆವಾಗ. ನಲವತ್ತು ಮಂದಿ ಸಾಕ್ಷಿ ಅದಾರ. ಮುಂದ?

ಫಕೀರೇಶ: ಕ್ರಿಕೆಟ್ ಸ್ಕೋರು. ಇದೂ ಸೋಮವಾರ, ನಾಕು ಗಂಟೆ.

ಜಯಾ: ಕೇಳಿದ್ರೇನ್ರಿ? ಕ್ರಿಕೆಟ್ ಅಂತ! ನಮ್ಮ ಮನ್ಯಾಗ ಚಿಣಿಪಣಿ ಆಡಾವ್ರೂ ಯಾರಿಲ್ಲ.

ಫಕೀರೇಶ: ಮೂರನೇದು, ಮುಖದ ಕಾಂತಿಗೆ ದಿನಕ್ಕೊಂದು ಸಲಹೆ. ಸೋಮವಾರ, ನಾಕೂವರಿ.

ಜಯಾ: (ಕೈ ಚಪ್ಪಾಳೆ ತಟ್ಟಿ) ಮುಗೀತು! ಸುಳ್ಳು ಹೇಳಾಕೂ ಒಂದು ಅಂದಾಜು ಬೇಕು. ಈ ಮನ್ಯಾಗ ಯಾರ ಮುಖಕ್ಕೋ ಕಾಂತಿ? ಮೂರೂ ಸೋಮವಾರ, ಮೂರೂ ಸಲ ನಾ ಮನ್ಯಾಗ ಇಲ್ಲ! ನಾ ಇಲ್ದ ಒತ್ತಿದಾವ್ರು ಯಾರು ಹಂಗಾರ?

ಫಕೀರೇಶ: ಫೋನೂ ನಿಮ್ಮ ಕೂಡ ಸಂಘಕ್ಕ ಬರತೈತೇನ್ರಿ?

ಜಯಾ: ಇಲ್ಲ. ಸಭಾದಾಗ ಫೋನ ತರಬಾರದು ಅಂತ ನಿಯಮ ಐತಿ. ನಾನ ಮಾಡಿದ್ದು. ಮನ್ಯಾಗ ಬಿಟ್ಟು ಹೋಗತೇನಿ.

ಫಕೀರೇಶ: ಮನ್ಯಾಗ ಯಾರಿರತಾರ್ರಿ?

ಜಯಾ ನಿಧಾನವಾಗಿ ಹಿಂದಕ್ಕೆ ತಿರುಗಿದಳು. ಗುರುಶಿದ್ದಪ್ಪ ಪೇಪರನ್ನು ಮುಖದ ಮುಂದೆ ಹಿಡಿದುಕೊಂಡ. ಅದು ತಲೆಕೆಳಗಾಗಿತ್ತು.

ಜಯಾ: ರೀ.

ಗುರುಶಿದ್ದಪ್ಪ: ಹೂಂ.

ಜಯಾ: ನೀವು?

ಗುರುಶಿದ್ದಪ್ಪ: ಹೂಂ.

ಜಯಾ: ಮೂರನೂ?

ಗುರುಶಿದ್ದಪ್ಪ: ಆ ಹುಡುಗಿ ಭಾಳ ಮರ್ಯಾದಿಯಿಂದ ಕೇಳಿದ್ಳು. ನಮಸ್ಕಾರ ಅಂದ್ಳು, ನಾನೂ ನಮಸ್ಕಾರ ಅಂದೆ. ದಯವಿಟ್ಟು ಒಂದನ್ನು ಒತ್ತಿರಿ ಅಂದ್ಳು. ಅಷ್ಟ ದಯವಿಟ್ಟು ಅಂದ ಮ್ಯಾಲ ಹೆಂಗ ಇಲ್ಲ ಅನ್ನೂದು?

ಜಯಾ: ಅದು ಮಷೀನ್ರೀ!

ಗುರುಶಿದ್ದಪ್ಪ: ಮಷೀನಾದ್ರೇನು, ದನಿ ಹೆಣ್ಮಗಳದು. ಊಟ ಆತೇನವಾ ಅಂತ ಕೇಳಿದೆ. ಪಾಪ, ಬಿಡುವಿದ್ದಿಲ್ಲ ಕಾಣತೈತಿ, ಮತ್ತ ಒಂದು ಒತ್ತಿರಿ ಅಂದ್ಳು.

ಫಕೀರೇಶನಿಗೆ ನಗು ತಡೆಯದೆ ಚಾ ನೆತ್ತಿಗೇರಿತು. ಜಯಾ ಅವನ ಬೆನ್ನಿಗೆ ಎರಡು ಗುದ್ದಿದಳು. ಎರಡನೆಯದು ಗಂಡನಿಗೆ ಸಲ್ಲಬೇಕಾದದ್ದು.

ಗುರುಶಿದ್ದಪ್ಪ: ಮೂವತ್ನಾಕು ವರ್ಷ ಸೀರಿ ಅಂಗಡ್ಯಾಗ ನಿಂತೇನಿ ಜಯಾ. ಮೊದಲನೇ ದಿನ ಮಾಲಕರು ಹೇಳಿದ್ರು. ಗುರುಶಿದ್ದಾ, ಗಿರಾಕಿ ಏನ ಕೇಳಿದ್ರೂ ಬಾಯಾಗ 'ಇಲ್ಲ' ಬರಬಾರದು. ಹಸರ ಸೀರಿ ಇಲ್ಲಂದ್ರ, ಬರ್ರಿ, ನೀಲಿ ಐತ್ರಿ ಅನ್ನು. ಆ ರೂಢಿ ಬಿದ್ದ ನಾಲಿಗಿ ಇದು.

ಜಯಾ: ಅವ್ರು ಗಿರಾಕಿ! ಇದು ಕಂಪನಿ! ಇಲ್ಲೆ ಗಿರಾಕಿ ಅಂದ್ರ ನೀವು!

ಗುರುಶಿದ್ದಪ್ಪ: ಅದೆಲ್ಲಿಂದ ತಿಳೀಬೇಕು ನನಗ? ನಾ ಯಾವಾಗ ಗಿರಾಕಿ ಆಗೇನಿ?

ಅದು ನಿಜವೆಂದು ಜಯಾಳಿಗೂ ಗೊತ್ತಿತ್ತು. ಜೀವಮಾನವಿಡೀ ಕಂಡವರ ಹೆಂಡಿರಿಗೆ ಸೀರೆ ಬಿಚ್ಚಿ ತೋರಿಸಿದ ಮನುಷ್ಯ, ಎದುರಿಗೆ ಗಿರಾಕಿಗಳು ಕೂರುವ ಗಾದಿಯ ಮೇಲೆ ಒಂದು ದಿನವೂ ಕುಳಿತವನಲ್ಲ. ಆದರೆ ಸಿಟ್ಟು ಸಿಟ್ಟೇ.

ಜಯಾ: ಓಣ್ಯಾಗೆಲ್ಲಾ ಸಾರೇನಲ್ರೀ! ಒತ್ತಿದ್ದು ತೋರಿಸಿದ್ರ ನನ್ನ ಹೆಸರು ಬ್ಯಾರೆ ಇಡ್ರಿ ಅಂದೇನಿ. ಈಗ ನಾಕು ಗಂಟೆಕ್ಕ ಯಾವ ಹೆಸರು ಹೊತ್ಕೊಂಡು ಹೋಗ್ಲಿ?

ಗುರುಶಿದ್ದಪ್ಪ: ನನ್ನ ತಪ್ಪು ಅಂತ ನಾನ ಬಂದು ಹೇಳತೇನಿ ಸಭಾದಾಗ.

ಜಯಾ: ಗಂಡಸರು ಒಳಗ ಬರಬಾರದು ಅಂತ ನಿಯಮ ಐತಿ.

ಫಕೀರೇಶ: ಅದೂ ನೀವ ಮಾಡಿದ್ದೇನ್ರಿ?

ಜಯಾ: ನೀ ಸುಮ್ಕಿರು!

ಫಕೀರೇಶ: ಸುಮ್ಕಿರತೇನ್ರಿ. ಆದ್ರ ಪಟ್ಟಿ ಇನ್ನ ಮುಗಿದಿಲ್ಲ. ನಾಕನೇದು ಒಂದೈತಿ. ದಿನದ ರಾಶಿಫಲ. ಕರ್ಕ ರಾಶಿ.

ಗುರುಶಿದ್ದಪ್ಪ: ಅದು ನಂದಲ್ಲ.

ಜಯಾ: ಮೂರು ಒತ್ತಿದಾವ್ರಿಗೆ ನಾಕನೇದು ಭಾರ ಆತೇನು? ಒಪ್ಪಿಕೊಂಡು ಬಿಡ್ರಿ. ಓದಬ್ಯಾಡೋ ತಮ್ಮಾ, ಸಾಕು.

ಗುರುಶಿದ್ದಪ್ಪ: ಓದು. ಯಾವ ತಾರೀಕು?

ಫಕೀರೇಶ: ಫೆಬ್ರುವರಿ ಹನ್ನೊಂದು. ಮುಂಜಾನೆ ಆರು ಗಂಟೆ.

ಗುರುಶಿದ್ದಪ್ಪ ಬೆರಳು ಮಡಿಸಿ ಲೆಕ್ಕ ಹಾಕಿದ. ಫೆಬ್ರುವರಿ ಹತ್ತಕ್ಕೆ ಅವನ ಹೊಟ್ಟೆಯ ಆಪರೇಷನ್ ಆಗಿತ್ತು. ಹನ್ನೊಂದರ ಮುಂಜಾನೆ ಅವನು ದವಾಖಾನೆಯ ಮಂಚದ ಮೇಲೆ ಎಚ್ಚರವಿಲ್ಲದೆ ಮಲಗಿದ್ದ. ಫೋನು ಇದ್ದದ್ದು ಹೊರಗಿನ ಬೆಂಚಿನ ಮೇಲೆ ಕುಳಿತ ಜಯಾಳ ಸಂಚಿಯಲ್ಲಿ. ಕರ್ಕ ರಾಶಿ ಅವನದು.

ಗುರುಶಿದ್ದಪ್ಪ: ಜಯಾ.

ಜಯಾ: ಹೂಂ.

ಗುರುಶಿದ್ದಪ್ಪ: ನೀನು?

ಜಯಾ: (ಚಾಳೀಸು ತೆಗೆದು ಸೆರಗಿನಿಂದ ಒರೆಸುತ್ತ) ಡಾಕ್ಟರು ಏನೂ ಹೇಳವಲ್ರು. ನರ್ಸು ಕೇಳಿದ್ರ ಸಿಡಿಮಿಡಿ ಅಂತಿದ್ಳು. ರಾತ್ರಿಯೆಲ್ಲಾ ಒಬ್ಬಾಕಿನ ಕುಂತಿದ್ದೆ. ಯಾರನ್ನ ಕೇಳಬೇಕು ನಾನು? ಅಷ್ಟರಾಗ ಆ ಹುಡುಗಿ ಫೋನ ಮಾಡಿದ್ಳು. ಕರ್ಕ ರಾಶಿಯವರ ಆರೋಗ್ಯ ಇವತ್ತಿನಿಂದ ಸುಧಾರಿಸ್ತೈತಿ ಅಂದ್ಳು. ಅಷ್ಟು ಹೇಳಾವ್ರೂ ಅಲ್ಲೆ ಯಾರಿದ್ದಿಲ್ಲ. ಒತ್ತಿದೆ.

ಗುರುಶಿದ್ದಪ್ಪನಿಗೆ ಅವಳ ಮೇಲೆ ಎಂದಿಲ್ಲದ ಮಮತೆ ಉಕ್ಕಿತು. ಆದರೆ ಮೂವತ್ತೆಂಟು ವರ್ಷದಲ್ಲಿ ಮೊದಲ ಬಾರಿಗೆ ಗೆದ್ದ ಮನುಷ್ಯ, ಸುಮ್ಮನೆ ಬಿಡುವುದುಂಟೇ?

ಗುರುಶಿದ್ದಪ್ಪ: ಬುಡಬುಡಿಕ್ಯಾಂವ ಬಂದ್ರ ಮುಂದಿನ ಮನಿಗೆ ಹೋಗು ಅನ್ನಾಕಿ! ಅಂದ್ರ, ದಿನಾ ಮುಂಜಾನೆ ಹಿತ್ತಲದಾಗ ಕಿವಿಗೆ ಫೋನ ಹಚ್ಚಿ ನಿಂದ್ರೂದು ಇದಕ್ಕೇನು? ಸಂಘದ ಕೆಲಸ ಅಂತಿದ್ದಿ!

ಜಯಾ: ಸಂಘದ ಕೆಲಸಾನೂ ಇರತೈತಿ.

ಗುರುಶಿದ್ದಪ್ಪ: ಹೋದ ಮಂಗಳವಾರ ಮಿರ್ಚಿ ಕರೀಲಿಲ್ಲ ನೀನು. ಎಷ್ಟು ಕೇಳಿದ್ರೂ ಎಣ್ಣಿ ತೀರೇತಿ ಅಂದಿ.

ಜಯಾ: ಅವತ್ತು ಹೊಟ್ಟಿ ಜ್ವಾಕಿ ಅಂತ ಹೇಳಿತ್ತು.

ಗುರುಶಿದ್ದಪ್ಪ: ಮತ್ತ ಕಂಪನಿಗೆ ಯಾರೂ ಒತ್ತಿಲ್ಲ ಅಂತ ಬರದು ಕೊಟ್ಟಿ?

ಜಯಾ: ಒಂದು ಒತ್ತಿದ್ದು ಒಪ್ಪಿಕೊಂಡ್ರ ಉಳದ ಮೂರನೂ ನನ್ನ ತಲಿಗೆ ಕಟ್ಟತಿದ್ರು. ಅವು ಖರೇನ ಕಂಪನಿ ಸುಳ್ಳು ಅಂತ ತಿಳಿದಿದ್ದೆ. ಮನ್ಯಾಗ ಇಂಥಾ ಸಭ್ಯಸ್ಥರನ್ನ ಇಟ್ಕೊಂಡೇನಿ ಅಂತ ನನಗೇನ ಗೊತ್ತು?

ಜಯಾಳೇ ಮೊದಲು ಚೇತರಿಸಿಕೊಂಡಳು.

ಜಯಾ: ತಮ್ಮಾ, ನಮ್ಮ ಸಂಘದಾಗ ತಪ್ಪು ಒಪ್ಪಿಕೊಂಡಾವ್ರಿಗೆ ದಂಡ ಮಾಫ್ ಐತಿ. ನಿಮ್ಮಾಗ?

ಫಕೀರೇಶ: ನಮ್ಮಾಗೂ ಐತ್ರಿ. ಆರುನೂರು ರೂಪಾಯಿ ದಂಡ ಬಿಡಾಕ ನನಗ ಅಧಿಕಾರ ಕೊಟ್ಟಾರ. ಮೊದಲನೇ ಸಲ ಬಂದಾಗ ಅದನ್ನ ಹೇಳಾಕ ಬಂದಿದ್ದೆ. ನೀವು ಬಾಯಿ ತೆಗಿಯಾಕ ಬಿಡಲಿಲ್ಲ.

ಜಯಾ: ತಗಿ ಹಂಗಾರ ಪಾವತಿ. ರೊಕ್ಕ ತರ್ತೇನಿ.

ಗುರುಶಿದ್ದಪ್ಪ ನೋಟಿನ ಮಡಿಕೆಯನ್ನು ಮುಂದೆ ಹಿಡಿದ.

ಜಯಾ: ಇದೆಲ್ಲಿಂದು?

ಗುರುಶಿದ್ದಪ್ಪ: ಎಲಿ ಅಡಕಿ ಬಿಟ್ಟು ನಾಕು ತಿಂಗಳಾತು. ಆ ರೊಕ್ಕ ಕೂಡಿಸೇನಿ. ನಿನಗ ತಿಳೀದಂಗ ಕಟ್ಟಬೇಕಂತ.

ಜಯಾ: (ಹುಬ್ಬೇರಿಸಿ) ಖರೇನ? ಜೂನ್ ತಿಂಗಳದಾಗ ಆ ಹುಡುಗಿ ಹೇಳಿದ್ಳು, ಕರ್ಕ ರಾಶಿಯವರು ದುಶ್ಚಟದಿಂದ ದೂರ ಆಗ್ತಾರ ಅಂತ! ನಾ ನಂಬಿದ್ದಿಲ್ಲ.

ಜಯಾ ಸಂಚಿಗೆ ಕೈ ಹಾಕಿದಳು. ಫೋನು ಹೊರಗೆ ಬಂತು, ಓಟಿಪಿ ಬಂತು, ಪಾವತಿ ಹರಿಯಿತು. ಫಕೀರೇಶ ತಿಂಗಳಲ್ಲಿ ಮೊದಲ ಬಾರಿಗೆ ಉಸಿರು ಬಿಟ್ಟ. ಜಯಾ ಪಾವತಿಯನ್ನು ಮಡಿಸಿ ಸಂಚಿಗೆ ಸೇರಿಸಿದಳು. ನಾಲ್ಕು ಗಂಟೆಗೆ ಇನ್ನು ಯಾರಪ್ಪನ ಅಂಜಿಕೆಯೂ ಇರಲಿಲ್ಲ.

ಗುರುಶಿದ್ದಪ್ಪ: ಸಭಾದಾಗ ಯಾರರ ಕೇಳಿದ್ರ, ಒತ್ತಿದ್ದು ಯಾರು ಅಂತೀ?

ಜಯಾ: ಇಬ್ಬರೂ ಅಂತೇನಿ. ಸುಳ್ಳು ಹೇಳಿ ಕುರ್ಚಿ ಮ್ಯಾಲ ಕುಂತ್ರ ಕುರ್ಚಿ ಚುಚ್ಚತೈತಿ.

ಫಕೀರೇಶ: (ಚಪ್ಪಲಿ ಮೆಟ್ಟುತ್ತ) ಅಕ್ಕಾರ, ಒಂದು ಮಾತು ಉಳೀತು. ಈ ನಾಕೂ ಸೇವೆ ಇನ್ನ ಚಾಲೂ ಅದಾವ. ಎಲ್ಲಾ ಬಂದ್ ಮಾಡಸ್ಲೇನ್ರಿ?

ಜಯಾ: ಅದನ್ನ ಕೇಳತಾರೇನು? ಭಜನಿ ಬಂದ್. ಕ್ರಿಕೆಟ್ ಬಂದ್. ಮುಖದ ಕಾಂತಿ ಅಂತೂ ಮೊದಲ ಬಂದ್.

ಫಕೀರೇಶ: ನಾಕನೇದು?

ಜಯಾ ಖಾಲಿ ಕಪ್ಪು ಎತ್ತಿಕೊಂಡು ಒಳಗೆ ನಡೆದಳು. ಅಡಿಗೆಮನೆಯ ಬಾಗಿಲಲ್ಲಿ ನಿಂತು, ಈ ಕಡೆ ತಿರುಗದೆಯೇ ಹೇಳಿದಳು.

ಜಯಾ: ಅದೊಂದು ಇರ್ಲಿ.

ಗುರುಶಿದ್ದಪ್ಪ: ಅಲ್ಲಾ, ದಿನಕ್ಕ ಎರಡು ರೂಪಾಯಿ! ನನ್ನ ಸಲುವಾಗಿ ಯಾಕ ಅಷ್ಟು ದಂಡ?

ಜಯಾ: ಅಷ್ಟರೆ ಬೆಲಿ ಬಾಳತೀರಿ ನೀವು. ಸುಮ್ಕ ಕುಂದರ್ರಿ.