ಪುರಭವನಕ್ಕೆ ಬಿದ್ದ ಮಸಿ

ಬೆನ್ನಿಗೆ ಬಿದ್ದ ಒಂದು ಪ್ರೀತಿಯ ಗುದ್ದಿನಿಂದಲೇ ಎಲ್ಲವೂ ಶುರುವಾಯಿತು.

ಹಳೆಯ ಪುರಭವನವನ್ನು ಕೆಡವಬೇಕೋ ಉಳಿಸಬೇಕೋ ಎಂದು ತೀರ್ಮಾನಿಸಲು ಅಂದು ಸಂಜೆ ಪುರಸಭೆಯ ಕಚೇರಿಯಲ್ಲಿ ಸಭೆಯಿತ್ತು. ಡ್ರಾಯಿಂಗ್ ಮೇಷ್ಟ್ರಿಗೆ ಆ ಕಟ್ಟಡವೆಂದರೆ ಜೀವ. “ಕೆಡವ್ತಾರಂತೆ, ಕೆಡವ್ತಾರೆ! ಇದರ ಚಂದ ಎಂಥದ್ದು ಅಂತ ಚಿತ್ರ ಬರೆದು ಆ ಅಧ್ಯಕ್ಷರ ಮುಖಕ್ಕೇ ಹಿಡೀತೀನಿ” ಎಂದು ಹಲ್ಲು ಕಡಿಯುತ್ತಾ, ಎದುರಿನ ಕ್ಷೌರದಂಗಡಿಯ ಮುಂದೆ ಕುರ್ಚಿ ಹಾಕಿ, ಮಸಿಯಲ್ಲಿ ಲೇಖನಿ ಅದ್ದಿ ಕೂತಿದ್ದರು. ಕಮಾನು, ಕಂಬ, ಮೆಟ್ಟಿಲು ಎಲ್ಲ ಗೆರೆಗೆರೆಯಾಗಿ ಮೂಡಿದ್ದವು.

ಆಗಲೇ ಹೆಂಡತಿಯ ತಮ್ಮ ಬಂದು, “ಏನ್ ಭಾವ, ಬಿಸಿಲಲ್ಲಿ ತಪಸ್ಸಾ?” ಎಂದು ಬೆನ್ನಿಗೊಂದು ಗುದ್ದಿದ. ಲೇಖನಿ ಹಾವಿನಂತೆ ಹರಿದು ಕಮಾನನ್ನು ಸೀಳಿತು.

“ಕತ್ತೆ! ಇದು ಪೆನ್ಸಿಲ್ ಅಲ್ಲ ಕಣೋ, ಮಸಿ! ಉಜ್ಜಿದ್ರೂ ಹೋಗಲ್ಲ!”

“ಅದಕ್ಯಾಕೆ ಬಿಪಿ ಏರಿಸ್ಕೋತೀರ ಭಾವ? ಬಿರುಕು ಅಂತ ಮಾಡಿ. ಹಳೇ ಕಟ್ಟಡಕ್ಕೆ ಬಿರುಕೇ ಲಕ್ಷಣ.”

ಬೇರೆ ದಾರಿಯಿರಲಿಲ್ಲ. ಮೇಷ್ಟ್ರು ಬೈಯುತ್ತಲೇ ಬಿರುಕು ಮಾಡಿದರು.

ಕ್ಷೌರಿಕ ಗಿರಾಕಿಯ ಗಡ್ಡವನ್ನು ಅರ್ಧಕ್ಕೇ ಬಿಟ್ಟು ಓಡಿಬಂದ. “ಬಲಗಡೆ ಕಂಬ ವಾಲಿದೆ ಸಾರ್” ಎಂದು ಚಿತ್ರದ ಮೇಲೆ ಒದ್ದೆ ಬೆರಳಿಟ್ಟು ತೋರಿಸಿದ. ಹಸಿ ಮಸಿ ಹರಡಿ, ನೆಟ್ಟಗಿದ್ದ ಕಂಬ ಆಗ ನಿಜವಾಗಿಯೂ ವಾಲಿತು. ಅರ್ಧ ಗಡ್ಡದ ಗಿರಾಕಿ ಇಣುಕಿದ. ಕೆನ್ನೆಯ ನೊರೆ ಛಾವಣಿಯ ಮೇಲೆ ಬಿತ್ತು. ಒರೆಸಲು ಭಾವಮೈದುನ ಧಾವಿಸಿದ, ಮಸಿಕುಡಿಕೆ ಮಗುಚಿತು.

“ದೂರ ನಿಲ್ರೋ! ಇನ್ನೊಬ್ಬ ಹತ್ರ ಬಂದ್ರೆ ಉಳಿದ ಮಸೀನ ಅವನ ಮುಖಕ್ಕೇ ಬಳೀತೀನಿ!”

ಮೇಷ್ಟ್ರು ಕುಕ್ಕರಿನಂತೆ ಬುಸುಗುಡುತ್ತಾ ಕೂತರು. ಕಲೆಗಳನ್ನೆಲ್ಲ ಪಾಚಿ, ನೆರಳು, ಬಿರುಕು ಮಾಡುತ್ತಾ ಸಿಟ್ಟಿನಲ್ಲೇ ಗೀಚಿದರು. ಮುಗಿದಾಗ ಅವರೇ ಬೆರಗಾದರು. ಅಷ್ಟು ಜೀವಂತ ಚಿತ್ರವನ್ನು ಅವರು ಹುಟ್ಟಿದ ಮೇಲೆ ಬರೆದಿರಲಿಲ್ಲ.

ಸಂಜೆ ಸಭೆಯಲ್ಲಿ ಅಧ್ಯಕ್ಷರು ಅದನ್ನು ನೋಡುತ್ತಲೇ ಎದ್ದು ನಿಂತರು.

“ಮೇಷ್ಟ್ರೇ, ನಮ್ಮ ಕಣ್ಣು ತೆರೆಸಿದ್ರಿ. ಕಟ್ಟಡ ಗಟ್ಟಿಯಾಗಿದೆ, ಉಳಿಸೋಣ ಅಂತ ನಾವೆಲ್ಲ ಬೆಳಗ್ಗೆನೇ ಒಪ್ಪಿಬಿಟ್ಟಿದ್ವಿ! ಇಷ್ಟು ಬಿರುಕು ಬಿಟ್ಟಿರೋದನ್ನ ಯಾರೂ ಗಮನಿಸಿರಲಿಲ್ಲ. ಜನರ ತಲೆ ಮೇಲೆ ಬೀಳೋ ಮೊದ್ಲು ನಾಳೆನೇ ಕೆಡವಿಸ್ತೀನಿ.”

“ಅಯ್ಯೋ, ಅದು ಬಿರುಕಲ್ಲ ಸ್ವಾಮಿ! ಮಸಿ! ಬರೀ ಮಸಿ!” ಮೇಷ್ಟ್ರು ಕಿರುಚಿದರು. ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಅಧ್ಯಕ್ಷರು ಅವರ ಎರಡೂ ಕೈ ಹಿಡಿದುಕೊಂಡರು. “ಹೊಸ ಕಟ್ಟಡದ ಚಿತ್ರಾನೂ ನೀವೇ ಬರೀಬೇಕು. ಹೀಗೇ, ಇದ್ದದ್ದು ಇದ್ದ ಹಾಗೆ.”